ಅಧ್ಯಕ್ಷರು ಮನೆಯಲ್ಲಿದ್ದಾರೆ, ಅವರ ಯಜಮಾನರು ಆಫೀಸಿನಲ್ಲಿದ್ದಾರೆ

ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ. ಊರು ಯಾವುದು ಅಂತ ಕೇಳಬೇಡಿ. ಹೆಸರು ಹೇಳಿದರೆ ಅಕ್ಕಪಕ್ಕದ ಊರಿನವರು 'ನಮ್ಮನ್ಯಾಕ ಬಿಟ್ರಿ' ಅಂತ ಜಗಳಕ್ಕೆ ಬರುತ್ತಾರೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲು. ಒಳಗೆ ಹೋಗಿ 'ಅಧ್ಯಕ್ಷರು ಇದ್ದಾರಾ' ಅಂದರೆ ಕುರ್ಚಿಯಿಂದ ಒಂದು ಮೀಸೆ ಮೇಲೇಳುತ್ತದೆ.

'ಬರ್ರಿ ಬರ್ರಿ, ಕುಂದರ್ರಿ. ಏನಾಗಬೇಕಿತ್ತು?'

'ಅಧ್ಯಕ್ಷರು ಹೆಣ್ಮಕ್ಕಳು ಅಂತ ಕೇಳಿದ್ದೆ.'

'ಹೌದ್ರಿ, ನಮ್ಮ ಮನಿಯವ್ರ ಅಧ್ಯಕ್ಷರು. ಅವ್ರು ಮನ್ಯಾಗ ಅದಾರ. ಇದೆಲ್ಲ ಅವ್ರಿಗೆ ಏನ್ ತಿಳಿತೈತ್ರಿ, ನಾವ ನೋಡ್ಕೋತೀವಿ.'

ನೋಡಿಕೊಳ್ಳುವುದರಲ್ಲಿ ಯಜಮಾನರು ಏನೂ ಕಡಿಮೆ ಮಾಡಿಲ್ಲ. ಪಿಡಿಒ ಸಾಹೇಬರು ಅವರನ್ನೇ 'ಅಧ್ಯಕ್ಷರೇ' ಅನ್ನುತ್ತಾರೆ. ಬಿಲ್ ಕಲೆಕ್ಟರ್ ಅವರಿಗೇ ಚಹಾ ತರುತ್ತಾನೆ. ಕಾರಿನ ಮುಂದೆ ಕೆಂಪು ಅಕ್ಷರದ ಬೋರ್ಡು. ಸರ್ಕಾರ ಅಧ್ಯಕ್ಷರಿಗೆ ಕೊಟ್ಟ ಡಿಜಿಟಲ್ ಸಹಿಯ ಡಾಂಗಲ್ ಇವರ ಅಂಗಿ ಜೇಬಿನಲ್ಲಿ, ಓಟಿಪಿ ಇವರ ಮೊಬೈಲಿನಲ್ಲಿ. ಅಧ್ಯಕ್ಷರ ಹತ್ತಿರ ಉಳಿದಿರುವುದು ಮೀಸಲಾತಿ ಒಂದೇ.

ಬಸ್ ಸ್ಟ್ಯಾಂಡಿನಲ್ಲಿ ಉಗಾದಿ ಶುಭಾಶಯದ ಫ್ಲೆಕ್ಸ್ ನೋಡಬೇಕು. ಯಜಮಾನರ ಫೋಟೋ ಬಾಗಿಲಿನಷ್ಟು ದೊಡ್ಡದು. ಕೈ ಮುಗಿದಿದ್ದಾರೆ, ಕಣ್ಣಿಗೆ ಕರಿ ಕನ್ನಡಕ. ಅವರ ಮೇಲೆ ಶಾಸಕರು, ಶಾಸಕರ ಮೇಲೆ ಹುಲಿಗೆಮ್ಮ ದೇವಿ. ಅಧ್ಯಕ್ಷರನ್ನು ಹುಡುಕಬೇಕು. ಕೆಳಗೆ ಎಡಗಡೆ, ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರಿನ ಪಕ್ಕ, ಪಾಸ್‌ಪೋರ್ಟ್ ಸೈಜಿನಲ್ಲಿ ಸಿಗುತ್ತಾರೆ. ಯಾವುದೋ ಹಳೇ ಅರ್ಜಿಯಿಂದ ಕತ್ತರಿಸಿದ ಫೋಟೋ ಅದು. ಮುಖದ ಮೇಲೆ ಸೀಲಿನ ಒಂದು ತುಂಡು ಹಾಗೇ ಉಳಿದಿದೆ.

ಇಷ್ಟಕ್ಕೆ ಸುಮ್ನೆ ಎದ್ದು ಬರಬಹುದಿತ್ತು. ಆದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಯಜಮಾನರು ಇತಿಹಾಸಕ್ಕೆ ಕೈ ಹಾಕಿದರು. 'ಹೆಣ್ಮಕ್ಕಳಿಗೆ ಓಟು ಕೊಟ್ಟೋರು ಯಾರ್ರಿ? ನಾವ ಗಂಡಸ್ರು. ದೊಡ್ಡ ಮನಸ್ಸು ಮಾಡಿ ಕೊಟ್ಟೀವಿ. ಕುರ್ಚೀನೂ ಕೊಟ್ಟೀವಿ. ಇನ್ನೇನ್ ಬೇಕ್ರಿ?'

ಮಿರ್ಚಿ ಚೆನ್ನಾಗಿತ್ತು. ಇತಿಹಾಸ ಹಳಸಿತ್ತು.

1917ರ ಡಿಸೆಂಬರ್. ಲಂಡನ್ನಿನಿಂದ ಭಾರತದ ಉಸ್ತುವಾರಿ ಮಂತ್ರಿ ಎಡ್ವಿನ್ ಮಾಂಟೆಗು ಮದ್ರಾಸಿಗೆ ಬಂದಿದ್ದರು. ಸರೋಜಿನಿ ನಾಯ್ಡು ಮುಂದೆ ನಿಂತು ಹೆಂಗಸರ ಒಂದು ತಂಡವನ್ನು ಅವರ ಬಳಿ ಕರೆದೊಯ್ದರು. ಅರ್ಜಿಯ ಹಿಂದೆ ಓಡಾಡಿದವರು ಐರ್ಲೆಂಡಿನಿಂದ ಬಂದು ಮದ್ರಾಸಿನಲ್ಲಿ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್. ಗಂಡಸರಿಗೆ ಓಟು ಕೊಡುವಾಗ ನಮಗೂ ಕೊಡಿ, ನಾವೂ ಜನವೇ, ಅಷ್ಟೇ ಕೇಳಿದ್ದು. ಸರ್ಕಾರ ಸೌತ್‌ಬರೋ ಸಮಿತಿ ಅಂತ ಒಂದನ್ನು ಮಾಡಿತು. ಸಮಿತಿಯವರು ದೇಶ ಸುತ್ತಿ, ವಿಚಾರಿಸಿ, 'ಇನ್ನೂ ಕಾಲ ಬಂದಿಲ್ಲ' ಅಂದರು. ಮುಂಬೈಯ ಹೋರಾಟಗಾರ್ತಿ ಹೀರಾಬಾಯಿ ಟಾಟಾ ಸುಮ್ಮನಾಗಲಿಲ್ಲ. ಮಗಳು ಮಿಠನ್‌ಳನ್ನು ಕರೆದುಕೊಂಡು 1919ರಲ್ಲಿ ಹಡಗು ಹತ್ತಿ ಲಂಡನ್ನಿಗೇ ಹೋದರು. ಅಲ್ಲಿ ಸಿಕ್ಕ ಉತ್ತರ ಏನು ಗೊತ್ತಾ? ನಾವು ಕೊಡಲ್ಲ, ಬೇಕಿದ್ದರೆ ನಿಮ್ಮ ನಿಮ್ಮ ಪ್ರಾಂತ್ಯದವರು ಕೊಡಲಿ. 'ಇದು ನಮ್ಮ ಟೇಬಲ್ ಅಲ್ಲ, ಆ ಟೇಬಲ್‌ನಾಗ ಕೇಳ್ರಿ' ಅನ್ನುವ ಮಾತನ್ನು ನಮ್ಮ ತಾಲೂಕು ಆಫೀಸಿನವರು ಕಂಡುಹಿಡಿದದ್ದಲ್ಲ, ಪಾಪ. ಅವರನ್ನು ಬೈಯುವುದು ಬಿಡಬೇಕು.

ಮದ್ರಾಸಿನ ಟೇಬಲ್ ಮಾತ್ರ ಬೇಗ ತೆರೆಯಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯದ ಹೆಂಗಸರಿಗೆ ಓಟು ಬಂತು. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಂದರೆ ಬಳ್ಳಾರಿ, ಹೊಸಪೇಟೆಯ ಹೆಂಗಸರಿಗೂ ಬಂತು. ಎಲ್ಲರಿಗೂ ಅಲ್ಲ, ಹೆಸರಲ್ಲಿ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಹೆಣ್ಣುಮಕ್ಕಳ ಹೆಸರಲ್ಲಿ ಆಗ ಎಷ್ಟು ಎಕರೆ ಇತ್ತು ಅಂತ ನಾನು ಬಿಡಿಸಿ ಹೇಳಬೇಕಾ? ಓಟು ಹಾಕಬಹುದು, ಚುನಾವಣೆಗೆ ನಿಲ್ಲುವ ಹಾಗಿಲ್ಲ ಅನ್ನುವ ಷರತ್ತು ಬೇರೆ ಇತ್ತು. ಅದು ಹೋದದ್ದು 1926ರಲ್ಲಿ. ಹೋದ ಕೂಡಲೇ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಕೌನ್ಸಿಲ್ಲಿಗೆ ನಿಂತೇಬಿಟ್ಟರು. ಸ್ವಲ್ಪದರಲ್ಲಿ ಸೋತರು. ಅವರ ಪರವಾಗಿ ಆಫೀಸಿನಲ್ಲಿ ಕೂರಲು ಯಾವ ಯಜಮಾನರೂ ಕಾಯುತ್ತಿರಲಿಲ್ಲ.

ಈಗ ತುಂಗಭದ್ರೆ ದಾಟಿ ಈಚೆ ಬನ್ನಿ. ಕೊಪ್ಪಳ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ ಸೀಮೆಯಲ್ಲಿ ಹೆಂಗಸರ ಮಾತು ಹಾಗಿರಲಿ, ಹೊಲ ಊಳುವ ಸಾಮಾನ್ಯ ಗಂಡಸಿಗೂ ಓಟು ಅಂದರೆ ಏನು ಅಂತ ಗೊತ್ತಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1950ರ ಜನವರಿ 26ಕ್ಕೆ ಸಂವಿಧಾನ ಬಂತು. ಅದರ 325ನೇ ವಿಧಿ, ಹೆಣ್ಣು ಅನ್ನುವ ಕಾರಣಕ್ಕೆ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡುವ ಹಾಗಿಲ್ಲ ಅಂದಿತು. 326ನೇ ವಿಧಿ, 21 ತುಂಬಿದವರಿಗೆಲ್ಲ ಓಟು ಅಂದಿತು. 18ಕ್ಕೆ ಇಳಿದದ್ದು ಆಮೇಲೆ. ಆ ಸಂವಿಧಾನ ಬರೆದ ಸಭೆಯಲ್ಲಿ ಹಂಸಾ ಮೆಹ್ತಾ, ದಾಕ್ಷಾಯಣಿ ವೇಲಾಯುಧನ್, ದುರ್ಗಾಬಾಯಿ ಸೇರಿ 15 ಜನ ಹೆಂಗಸರು ಕೂತಿದ್ದರು. ಕೂತಿದ್ದವರು ಅವರೇ, ಅವರ ಗಂಡಂದಿರಲ್ಲ.

ಹೀಗಾಗಿ ಯಜಮಾನರೇ, ಲೆಕ್ಕ ಸ್ಪಷ್ಟ ಇದೆ. ನಿಮ್ಮ ಅಜ್ಜನೂ ನಿಮ್ಮ ಅಜ್ಜಿಯೂ ಓಟುದಾರರಾದದ್ದು ಒಂದೇ ಸಲ. 1952ರಲ್ಲಿ ಇಬ್ಬರೂ ಒಂದೇ ಬೂತಿನಲ್ಲಿ ಕಂಗಾಲಾಗಿ ನಿಂತಿರಬೇಕು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಡಬ್ಬಿಗೊಂದು ಗುರುತು. ಯಾವುದರಲ್ಲಿ ಚೀಟಿ ಹಾಕಬೇಕು ಅಂತ ಅಜ್ಜನಿಗೂ ಗೊತ್ತಿರಲಿಲ್ಲ. ತನ್ನ ಹತ್ತಿರ ಇಲ್ಲದ್ದನ್ನು ಆತ ಅಜ್ಜಿಗೆ ದಾನ ಮಾಡಿದ್ದು ಯಾವಾಗ?

ಇದಕ್ಕೆ ಯಜಮಾನರು ಇನ್ನೊಂದು ಮಿರ್ಚಿ ಮುರಿದರು, ಉತ್ತರ ಕೊಡಲಿಲ್ಲ.

ಆದರೆ ಅವರು ಪೂರ್ತಿ ತಪ್ಪು ಅಂತಲೂ ಅನ್ನಲಾರೆ. ಗಂಡನ ಕಡೆಯಿಂದ ಓಟು ಸಿಗುವ ಕಾಲವೂ ಒಂದಿತ್ತು. 1935ರ ಕಾಯ್ದೆ ಅದು. ಬ್ರಿಟಿಷರು ಬಹಳ ಯೋಚನೆ ಮಾಡಿ, ಆಸ್ತಿ ಇರುವ ಗಂಡಸಿನ ಹೆಂಡತಿಯೂ ಓಟು ಹಾಕಬಹುದು ಅಂದರು. ಗಂಡನ ಹೊಲ, ಗಂಡನ ಕಂದಾಯ, ಅದರ ಜೊತೆಗೆ ಹೆಂಡತಿಗೊಂದು ಓಟು ಫ್ರೀ. ಓದು ಬಂದವರು, ಸ್ವಂತ ಆಸ್ತಿ ಇದ್ದವರು ಎಲ್ಲ ಸೇರಿ ಸುಮಾರು 60 ಲಕ್ಷ ಹೆಂಗಸರು ಪಟ್ಟಿಗೆ ಬಂದರು. ಹೆಂಗಸರ ಸಂಘಟನೆಗಳು ಮೊದಲಿನಿಂದಲೂ ಈ ಕರಾರಿಗೆ ಮೂಗು ಮುರಿದಿದ್ದವು. ಇಂಥವನ ಹೆಂಡತಿ ಅಂತ ಕೊಡಬೇಡಿ, ವಯಸ್ಸಿಗೆ ಬಂದ ಮನುಷ್ಯರಿಗೆಲ್ಲ ಕೊಡಿ ಅನ್ನುವುದು ಅವರ ವಾದ. ಕೇಳಿದವರು ಯಾರು?

ಆ ಕಾಯ್ದೆ ದಿಲ್ಲಿಯಲ್ಲಿ 1950ಕ್ಕೆ ಸತ್ತಿತು. ನಮ್ಮ ಪಂಚಾಯಿತಿಗಳಲ್ಲಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ, ಆದರೆ ತಲೆಕೆಳಗಾಗಿ. ಆಗ ಗಂಡನ ಆಸ್ತಿಯಿಂದ ಹೆಂಡತಿಗೆ ಓಟು ಬರುತ್ತಿತ್ತು. ಈಗ ಹೆಂಡತಿಯ ಓಟಿನಿಂದ ಗಂಡನಿಗೆ ಆಸ್ತಿ ಬರುತ್ತದೆ.

ಮೊದಲ ಚುನಾವಣೆಯ ಪಟ್ಟಿ ಮಾಡಲು ಹೋದವರ ಕಥೆ ಇನ್ನೂ ಚೆನ್ನಾಗಿದೆ. ಮನೆಮನೆಗೆ ಹೋಗಿ ಹೆಸರು ಕೇಳಿದರೆ ಎಷ್ಟೋ ಹೆಂಗಸರು ಹೆಸರೇ ಹೇಳಲಿಲ್ಲ. 'ಇಂಥವನ ಹೆಂಡತಿ, ಇಂಥವನ ತಾಯಿ' ಅಂದರು. ಪಟ್ಟಿಯಲ್ಲಿ ಹಾಗೇ ಬರೆದುಕೊಂಡೂ ಬಿಟ್ಟರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಹೇಳಿದರೆ ಓಟು, ಇಲ್ಲದಿದ್ದರೆ ಇಲ್ಲ ಅಂದರು. ಸುಮಾರು 8 ಕೋಟಿ ಹೆಣ್ಣು ಮತದಾರರಲ್ಲಿ 28 ಲಕ್ಷದಷ್ಟು ಜನ ಹಾಗೆ ಪಟ್ಟಿಯಿಂದ ಹೊರಗುಳಿದರು. ಬಹುಪಾಲು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು.

ಅದನ್ನು ಓದಿ ನಾವು ನಗುವ ಹಾಗಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಸಲೀಸಾಗಿ ಹೇಳುತ್ತಾರೆ, ನಿಜ. ಗಂಡನ ಹೆಸರು ಕೇಳಿದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ. ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸುವ ಒಡಪು ಹಾಕದೆ ಅದು ಹೊರಗೆ ಬರುವುದಿಲ್ಲ. ಸರ್ಕಾರಕ್ಕೋ, ಆ ಹೆಸರು ಇಲ್ಲದೆ ಆಕೆಯ ಗುರುತೇ ಸಿಗುವುದಿಲ್ಲ. ಪಹಣಿ ತೆಗೆಯಿರಿ, ಮಸ್ಟರ್ ರೋಲ್ ತೆಗೆಯಿರಿ, ಹೆಂಗಸಿನ ಹೆಸರಿನ ಬೆನ್ನಿಗೇ 'ಗಂಡ ಇಂಥವ' ಅಂತ ಇರುತ್ತದೆ. ಗಂಡಸಿನ ಹೆಸರಿನ ಮುಂದೆ 'ಹೆಂಡತಿ ಇಂಥವಳು' ಅಂತ ಬರೆಯುವ ಜಾಗ ಯಾವ ಫಾರ್ಮಿನಲ್ಲೂ ನನಗೆ ಕಂಡಿಲ್ಲ. ಅಧ್ಯಕ್ಷರ ಯಜಮಾನರ ವಿಷಯದಲ್ಲಾದರೂ ಅಂಥದೊಂದು ಕಾಲಂ ಬೇಕಿತ್ತು. ಅವರ ಪೂರ್ತಿ ವಿಳಾಸ ಅದೇ ಅಲ್ವಾ?

ಅಧ್ಯಕ್ಷರನ್ನೂ ನೋಡಿ ಬರೋಣ ಅಂತ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರು, ಗೊತ್ತಿರಲಿ. ಯಜಮಾನರದು ಏಳನೆಯದಕ್ಕೇ ನಿಂತಿದೆ. 'ಒಂದು ಒಡಪು ಹೇಳ್ರಿ ಅಕ್ಕಾರ' ಅಂದೆ. ಹಿಟ್ಟಿನ ಕೈ ಎತ್ತದೆ ಹೇಳಿದರು:

'ಹಸಿ ಮೆಣಸಿನಕಾಯಿ ಮಿರ್ಚಿ, ಪಂಚಾಯ್ತ್ಯಾಗ ನನಗೊಂದು ಕುರ್ಚಿ, ಹೆಸರು ಹೇಳಾಕ ಯಾಕ ನಾಚಿಕಿ, ಹೋಗಿ ನೋಡ್ರಿ, ಅದರಾಗ ಕುಂತಾರ.'

1987ರಲ್ಲಿ ಇಡೀ ದೇಶಕ್ಕಿಂತ ಮೊದಲೇ ಕರ್ನಾಟಕ ತನ್ನ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಸೀಟು ಕೊಟ್ಟಿತ್ತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಅಂದಿತು. 2010ರಲ್ಲಿ ರಾಜ್ಯ ಅದನ್ನು ಅರ್ಧಕ್ಕೇರಿಸಿತು. ಸೀಟು ಏರಿದಂತೆಲ್ಲ ಯಜಮಾನರೂ ಏರಿದರು. ಗಂಡಂದಿರು ಸಭೆಯಲ್ಲಿ ಕೂರಬಾರದು ಅಂತ ಸರ್ಕಾರ ಸುತ್ತೋಲೆ ಹೊರಡಿಸುತ್ತದೆ. ಆ ಸುತ್ತೋಲೆ ಪಂಚಾಯಿತಿಗೆ ಬಂದಾಗ ಅದನ್ನು ಒಡೆದು, ಓದಿ, 'ಫೈಲಿಗೆ ಹಾಕ್ರಿ' ಅನ್ನುವವರೂ ಯಜಮಾನರೇ.

ಛತ್ತೀಸಗಢದವರು ನಮಗಿಂತ ಪ್ರಾಮಾಣಿಕರು. 2025ರ ಮಾರ್ಚ್‌ನಲ್ಲಿ ಅಲ್ಲಿನ ಪರಸ್ವಾರಾ ಅನ್ನುವ ಪಂಚಾಯಿತಿಯಲ್ಲಿ ಗೆದ್ದ ಆರು ಜನ ಹೆಂಗಸರ ಬದಲು ಅವರ ಗಂಡಂದಿರೇ ಸಾಲಾಗಿ ನಿಂತು ಪ್ರಮಾಣವಚನ ತೆಗೆದುಕೊಂಡರು. ವಿಡಿಯೋ ಹರಿದಾಡಿದ ಮೇಲೆ ಕಾರ್ಯದರ್ಶಿ ಅಮಾನತಾದ. ನಮ್ಮವರು ಅಷ್ಟು ದಡ್ಡರಲ್ಲ. ಪ್ರಮಾಣವಚನದ ದಿನ ಹೆಂಡತಿಗೆ ಇಳಕಲ್ ಸೀರೆ ಉಡಿಸಿ ಕರೆದುಕೊಂಡು ಬರುತ್ತಾರೆ. ಮಾರನೇ ದಿನದಿಂದ ಆಕೆಗೆ ರಜೆ.

ಬಳ್ಳಾರಿಯವರು 'ನಮ್ಮಲ್ಲಿ ಹಂಗಿಲ್ಲ' ಅನ್ನಬಹುದು. 1999ರಲ್ಲಿ ಅಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರಾಬದುರಾ ನಿಂತಾಗ ಇಡೀ ದೇಶ ಬಳ್ಳಾರಿಯ ಬಿಸಿಲಿಗೆ ಬಂದು ಕೂತಿತ್ತು. ಸುಷ್ಮಾ ಕನ್ನಡ ಕಲಿತು ಭಾಷಣ ಮಾಡಿದರು, ಸೋನಿಯಾ ಗೆದ್ದರು. ಗೆದ್ದವರು ಅಮೇಥಿ ಉಳಿಸಿಕೊಂಡು ಬಳ್ಳಾರಿ ಬಿಟ್ಟರು. ಉಪಚುನಾವಣೆಯಲ್ಲಿ ಸೀಟು ಗಂಡಸರ ಕೈಗೆ ವಾಪಸ್ ಬಂತು. ಲೋಕಸಭೆಗೆ ರಾಯಚೂರಿನಿಂದ, ಕೊಪ್ಪಳದಿಂದ ಹೆಂಗಸರು ಯಾರೂ ಇದುವರೆಗೆ ಹೋಗಿಲ್ಲ. ಬಿಡುವ ಪ್ರಶ್ನೆಯೇ ಬಂದಿಲ್ಲ.

ಕಳೆದ ಗ್ರಾಮಸಭೆಯ ಸುದ್ದಿ ಹೇಳಲೇಬೇಕು. ಯಜಮಾನರು ಮೈಕ್ ಹಿಡಿದು ಕ್ರಿಯಾ ಯೋಜನೆ ಓದುತ್ತಿದ್ದರು. ನಡುವೆ ಒಬ್ಬ ಮುದುಕಿ ಎದ್ದು ನಿಂತಳು. ಪಿಂಚಣಿ ನಿಂತುಹೋಗಿದೆ, ಅದನ್ನು ಕೇಳಬೇಕಿತ್ತು ಆಕೆಗೆ.

'ಯಪ್ಪಾ, ನಾ ಓಟ್ ಹಾಕಿದ್ದು ನಿನ್ನ ಹೇಣ್ತಿಗೆ. ಆಕಿನ್ನ ಕರಿ, ಮಾತಾಡೂದೈತಿ.'

'ಯವ್ವಾ, ನಾ ಬ್ಯಾರೆ ಅಲ್ಲ, ಆಕಿ ಬ್ಯಾರೆ ಅಲ್ಲ. ಆಕಿ ಅಂದ್ರ ನಾನ, ನಾ ಅಂದ್ರ ಆಕೀನ. ಹೇಳು ನೀ.'

'ಹೌದ? ಹಂಗಾರ ನೀ ಮನಿಗೆ ಹೋಗಿ ರೊಟ್ಟಿ ಬಡಿ. ಆಕಿನ್ನ ಇಲ್ಲಿಗೆ ಕಳಸು.'

ಪಿಡಿಒ ಸಾಹೇಬರು ನಗು ತಡೆಯಲು ನೀರಿನ ಬಾಟಲಿ ಎತ್ತಿದರು. ನೀರು ಮೂಗಿಗೆ ಹೋಯಿತು. ಠರಾವು ಪುಸ್ತಕದಲ್ಲಿ ಈ ಮಾತು ದಾಖಲಾಗಲಿಲ್ಲ. ಮುದುಕಿಯ ಪಿಂಚಣಿ ಮಾತ್ರ ಮುಂದಿನ ತಿಂಗಳೇ ಶುರುವಾಯಿತಂತೆ. ಆಕೆ ಮತ್ತೆ ಸಭೆಗೆ ಬರಬಾರದು ಅನ್ನುವ ಮುಂದಾಲೋಚನೆ ಇರಬೇಕು.

ಇಷ್ಟೆಲ್ಲ ಆದರೂ ಯಜಮಾನರು ಹೆಣ್ಣುಮಕ್ಕಳ ಹಕ್ಕಿನ ವಿರೋಧಿ ಅಂತ ಯಾರೂ ತಿಳಿಯಬಾರದು. ಹೊರಡುವಾಗ ಬಾಗಿಲ ತನಕ ಬಂದು, 2023ರಲ್ಲಿ ಪಾರ್ಲಿಮೆಂಟು ಪಾಸು ಮಾಡಿದ ಮಹಿಳಾ ಮೀಸಲಾತಿ ಕಾನೂನಿನ ಬಗ್ಗೆ ಬಹಳ ಕಾಳಜಿಯಿಂದ ವಿಚಾರಿಸಿದರು. ಲೋಕಸಭೆ, ವಿಧಾನಸಭೆಯಲ್ಲಿ ಮೂರನೇ ಒಂದು ಪಾಲು ಸೀಟು. ಆದರೆ ಮೊದಲು ಜನಗಣತಿ ಆಗಬೇಕು, ಆಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಅದಾದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ ಅಂದೆ. ಯಜಮಾನರಿಗೆ ನಿಜವಾಗಿಯೂ ಬೇಸರವಾಯಿತು.

'ಎಷ್ಟ ವರ್ಷ ಕಾಯಿಸ್ತಾರ್ರಿ ಹೆಣ್ಮಕ್ಕಳನ್ನ? ಇದು ಅನ್ಯಾಯ ಅಲ್ಲೇನ್ರಿ? ನಮ್ಮ ಕ್ಷೇತ್ರ ಲೇಡೀಸ್ ಆದ್ರ ನಮ್ಮ ಮನಿಯವ್ರನ್ನ ನಿಲ್ಲಸೂದು ಪಕ್ಕಾ. ಗಂಗಾವತಿ ಟೈಲರ್ ಕಡೆ ಬಿಳಿ ಖಾದಿ ಎರಡು ಜೊತಿ ಹೊಲಿಯಾಕ ಅಳತಿನೂ ಕೊಟ್ಟ ಬಂದೀನಿ.'

'ಅಕ್ಕಾರ ಅಳತೆನಾ?'

'ಏ, ಅಲ್ರಿ. ನಂದು.'