ಡಿಸೆಂಬರಿನ ಕೌದಿ, ಮೇ ತಿಂಗಳ ಸೂಜಿ

ಕಲಬುರಗಿಯಲ್ಲಿ ಕೌದಿ ಹೊಲಿಯಬೇಕೆಂಬ ಆಸೆ ಹುಟ್ಟುವುದು ಡಿಸೆಂಬರಿನಲ್ಲಿ. ತೊಗರಿ ರಾಶಿಯ ಹೊತ್ತಿಗೆ, ಬೆಳಗಿನ ಜಾವ ಪಾದ ತಣ್ಣಗಾದಾಗ, ಟ್ರಂಕಿನಲ್ಲಿರುವ ಹಳೆ ಸೀರೆಗಳು ನೆನಪಾಗುತ್ತವೆ. ಸೀರೆ ತೆಗೆದು, ಒಗೆದು, ಅಂಚು ಬಿಚ್ಚಿ, ಚೌಕ ಕತ್ತರಿಸಿ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಅತ್ತೆ ಸೊಸೆ ಒಮ್ಮತಕ್ಕೆ ಬರುವಷ್ಟರಲ್ಲಿ ಶರಣಬಸವೇಶ್ವರರ ಜಾತ್ರೆಯೂ ಮುಗಿದು ಬಿಸಿಲು ನೆತ್ತಿಗೇರಿರುತ್ತದೆ. ಮೇ ತಿಂಗಳಲ್ಲಿ, 42 ಡಿಗ್ರಿಯಲ್ಲಿ, ಐದು ಪದರದ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು ಹೊಲಿಯುವವರಿಗೆ ಸರ್ಕಾರ ಏನಾದರೂ ಪಿಂಚಣಿ ಕೊಡಬೇಕು. ಯಾರೂ ಹೊಲಿಯುವುದಿಲ್ಲ. ಮಡಚಿ ಇಡುತ್ತಾರೆ. ಬೀದರ್ ಎತ್ತರದ ಊರು, ಅಲ್ಲಿ ಚಳಿ ತುಸು ಹೆಚ್ಚು. ಆದ್ದರಿಂದ ಅಲ್ಲಿನವರ ಆಸೆಯೂ ಒಂದು ತಿಂಗಳು ಮೊದಲೇ ಹುಟ್ಟಿ, ಅಷ್ಟೇ ಶ್ರದ್ಧೆಯಿಂದ ಅರ್ಧಕ್ಕೆ ನಿಲ್ಲುತ್ತದೆ.

ಅರ್ಧಕ್ಕೆ ನಿಂತ ಕೆಲಸಕ್ಕೆ ಸೋಮಾರಿತನವೇ ಕಾರಣ ಎಂದು ಮನೆಮಂದಿ ಹೇಳುತ್ತಾರೆ. ಹಾಗೆ ಹೇಳುವವರು ಸಾಮಾನ್ಯವಾಗಿ ಸೂಜಿಗೆ ದಾರ ಪೋಣಿಸಿದವರಲ್ಲ. ಬಿಸಿಲು ನೆಪ, ಅಷ್ಟೆ. ಮಡಚಿಟ್ಟ ಬಟ್ಟೆಯ ಗಂಟು ಬಿಚ್ಚಿ ಸೂಜಿ ಎಲ್ಲಿ ಚುಚ್ಚಿಕೊಂಡು ನಿಂತಿದೆ ನೋಡಿ. ಅದರ ಎರಡು ಇಂಚಿನೊಳಗೆ ಏನೋ ಒಂದು ಎಡವಟ್ಟು ಇದ್ದೇ ಇರುತ್ತದೆ. ಎಣಿಕೆ ಒಂದು ಖಾನೆ ಜಾರಿದೆ, ದಾರದ ಬಣ್ಣ ಮುಗಿದಿದೆ, ಇಲ್ಲವೇ ಬಟ್ಟೆ ಉಬ್ಬಿದೆ. ಕೈ ಅದನ್ನು ಕಂಡು ನಿಂತಿತು, ಬಾಯಿ ಮಾತ್ರ ‘ನಾಳೆ ನೋಡೋಣು’ ಅಂದಿತು. ಆದ್ದರಿಂದ ವರ್ಷಗಳ ನಂತರ ಮತ್ತೆ ಕೂರುವವರು ಮೊದಲ ದಿನ ಒಂದು ಹೊಲಿಗೆಯನ್ನೂ ಹಾಕಬಾರದು. ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಆ ದಿನದ ಕೆಲಸ.

ಮೊದಲು ಕ್ರಾಸ್ ಸ್ಟಿಚ್, ಅಂದರೆ ಖಾನೆಗೊಂದು ಗುಣಾಕಾರದ ಹೊಲಿಗೆ. ಚೌಕ ಖಾನೆ ಕಾಣುವಂತೆ ನೇಯ್ದ ಮ್ಯಾಟಿ ಬಟ್ಟೆಯ ಮೇಲೆ ಬಾಗಿಲ ತೋರಣ, ಎದುರುಬದುರು ಗಿಳಿ, ನಡುವೆ ಕಲಶ, ಕೆಳಗೆ ‘ಸುಸ್ವಾಗತ’: ನಮ್ಮ ಕಡೆ ಅರ್ಧಕ್ಕೆ ನಿಂತಿರುವುದರಲ್ಲಿ ಮುಕ್ಕಾಲು ಪಾಲು ಇದೇ. ‘ಎರಡು ವಾರದಾಗ ಮುಗಸ್ತೀನಿ’ ಎಂದು ಹೊರಟವರು ಒಂದು ಲೆಕ್ಕ ಮಾಡಿರುವುದಿಲ್ಲ. ಇಂಚಿಗೆ 11 ಖಾನೆಯ ಮ್ಯಾಟಿಯಲ್ಲಿ 36 ಇಂಚು ಅಗಲ, 8 ಇಂಚು ಎತ್ತರದ ತೋರಣ ಎಂದರೆ 396 ಗುಣಿಸು 88, ಒಟ್ಟು 34,848 ಖಾನೆ. ಅರ್ಧ ಖಾಲಿ ಬಿಟ್ಟರೂ ಹದಿನೇಳು ಸಾವಿರ ದಾಟುತ್ತದೆ. ಗಂಟೆಗೆ 120 ಹೊಲಿಗೆ ಬಿದ್ದರೆ ಅದು ಒಳ್ಳೆಯ ಕೈ. ಆಗಲೂ 145 ಗಂಟೆ. ನಡುವೆ ಕುಕ್ಕರ್ ಸೀಟಿ ಹೊಡೆಯಬಾರದು.

ಸೂಜಿ ಬಟ್ಟೆಯಲ್ಲೇ ಉಳಿದಿದ್ದರೆ ತುಕ್ಕಿನ ಕಲೆ ಖಚಿತ. ಅದರ ಮೇಲೆ ಬ್ಲೀಚ್ ಹಾಕುವುದು ಹಲವರ ಮೊದಲ ಹುರುಪು. ಬ್ಲೀಚಿನಿಂದ ತುಕ್ಕು ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಖಾಲಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಟ್ಟು ಚೆನ್ನಾಗಿ ತೊಳೆಯಬಹುದು. ಬಣ್ಣದ ಹೊಲಿಗೆಯ ಪಕ್ಕದಲ್ಲಿದ್ದರೆ ಆ ಸಾಹಸ ಬೇಡ, ಕಲೆಯ ಮೇಲೆ ಒಂದು ಎಲೆ ಹೆಚ್ಚಿಗೆ ಹೊಲಿಯಿರಿ. ನಕ್ಷೆಯಲ್ಲಿ ಇಲ್ಲದ ಎಲೆ ಎಂದು ಯಾರೂ ಪ್ರಶ್ನೆ ಎತ್ತಿದ ದಾಖಲೆ ಇಲ್ಲ. ಬಟ್ಟೆ ಬಿಗಿ ಹಿಡಿಯುವ ಬಳೆ, ಅಂದರೆ ಹೂಪ್, ಹಾಕಿಟ್ಟೇ ಮರೆತಿದ್ದರೆ ದುಂಡಗೆ ಮಣ್ಣುಬಣ್ಣದ ಗೆರೆ ಬಿದ್ದಿರುತ್ತದೆ. ಮುಂದೆ ಹೊಲಿಯುವ ಮೊದಲೇ ಹೂಪ್ ಬಿಚ್ಚಿ, ತಣ್ಣೀರಿಗೆ ಎರಡು ಹನಿ ಮೆದು ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಹಿಂಡಬಾರದು, ಟವೆಲ್ಲಿನಲ್ಲಿ ಸುತ್ತಿ ಒತ್ತಬೇಕು. ಕೆಂಪು ದಾರ ಬಣ್ಣ ಬಿಟ್ಟರೆ ಗಾಬರಿಗೆ ಒಣಗಿಸಲು ಓಡುವುದು ದೊಡ್ಡ ತಪ್ಪು. ಬಣ್ಣ ನಿಲ್ಲುವುದೇ ಒಣಗಿದ ಮೇಲೆ. ನೀರು ತಿಳಿಯಾಗುವವರೆಗೆ ಬದಲಿಸುತ್ತಲೇ ಇರಬೇಕು.

ಹೊಲಿಗೆಯ ಜಾಡು ಹಿಡಿಯಲು ಮೂರು ತಪಾಸಣೆ ಸಾಕು. ಸ್ಕೇಲ್ ಇಟ್ಟು ಒಂದು ಇಂಚಿನ ಖಾನೆ ಎಣಿಸಿ. ಹಿಂಬದಿಯ ಒಂದು ತುದಿ ಬಿಡಿಸಿ ಎಷ್ಟು ಎಳೆ ಎಂದು ನೋಡಿ: ಲಡಿಯ ದಾರದಲ್ಲಿ ಆರು ಎಳೆ ಇರುತ್ತವೆ, ಇಂಚಿಗೆ 14 ಖಾನೆಯ ಬಟ್ಟೆಗೆ ಸಾಮಾನ್ಯವಾಗಿ ಎರಡು, 11ಕ್ಕೆ ಮೂರು. ಮೂರರಲ್ಲಿ ಶುರುಮಾಡಿ ಎರಡರಲ್ಲಿ ಮುಂದುವರಿಸಿದರೆ ಗಿಳಿಯ ತಲೆ ದಷ್ಟಪುಷ್ಟ, ಬಾಲ ಅಪೌಷ್ಟಿಕ. ಕೊನೆಗೆ ಮೇಲಿನ ಅಡ್ಡಗೆರೆ ಎಡಕ್ಕೆ ವಾಲಿದೆಯೋ ಬಲಕ್ಕೋ. ಇದು ಅತಿ ಚಿಕ್ಕ ವಿಷಯ, ಅತಿ ಎದ್ದು ಕಾಣುವ ವಿಷಯ. ದಿಕ್ಕು ಬದಲಾದ ಭಾಗದಲ್ಲಿ ಬೆಳಕು ಬೇರೆ ಥರ ಹೊಳೆದು, ಅದೇ ಬಣ್ಣದ ದಾರ ಬೇರೆ ಬಣ್ಣವೆನಿಸುತ್ತದೆ. ಮೊಂಡು ತುದಿಯ ಸೂಜಿಯೇ ಇರಲಿ, 14ಕ್ಕೆ 24ನೇ ನಂಬರು. ಮೊನೆ ಸೂಜಿ ಬಳಸಿದರೆ ಅದು ರಂಧ್ರ ಬಿಟ್ಟು ಬಟ್ಟೆಯ ನೂಲನ್ನೇ ಸೀಳುತ್ತದೆ.

ಬಣ್ಣದ ನಂಬರಿರುವ ದಾರದ ಸುತ್ತುಪಟ್ಟಿ ಕಳೆದಿರುವುದು ವಿಧಿನಿಯಮ. ಕಪ್ಪಿಗೆ ತೊಂದರೆಯಿಲ್ಲ, ಆಂಕರ್ ಕಂಪನಿಯದಾದರೆ 403, ಡಿಎಂಸಿಯದಾದರೆ 310. ಗಿಳಿಹಸಿರಿನದೇ ಗೋಳು. ತುಂಡು ದಾರ ಹಿಡಿದು ಅಂಗಡಿಗೆ ಹೋದಾಗ ಟ್ಯೂಬ್‌ಲೈಟಿನ ಕೆಳಗೆ ‘ಇದೇ ಅದ ನೋಡ್ರಿ’ ಎಂದು ಕೊಟ್ಟದ್ದು ಮನೆಗೆ ಬರುವಷ್ಟರಲ್ಲಿ ಮೆಂತ್ಯಸೊಪ್ಪಾಗಿರುತ್ತದೆ. ಅಂಗಡಿಯ ಮೆಟ್ಟಿಲ ಮೇಲೆ, ಹಗಲ ಬೆಳಕಿನಲ್ಲೇ ಹೊಂದಿಸಬೇಕು. ನಂಬರು ಸಿಕ್ಕರೂ ಬಣ್ಣದ ಕುದಿತ, ಅಂದರೆ ಬಣ್ಣ ಹಾಕಿದ ಸರದಿ, ಬೇರೆಯಾದರೆ ಛಾಯೆ ಸ್ವಲ್ಪ ಬೇರೆ ಇರಬಹುದು. ಹಳೆಯ ದಾರ ಮಿಕ್ಕಿದ್ದರೆ ಪೂರ್ತಿ ಮುಗಿಸಬೇಡಿ. ಹಳೆಯದೊಂದು ಎಳೆ, ಹೊಸದೊಂದು ಎಳೆ ಸೇರಿಸಿ ನಡುವೆ ನಾಲ್ಕೈದು ಸಾಲು ಹೊಲಿದರೆ ಗಡಿ ಕಾಣುವುದಿಲ್ಲ. ಹಿಂಬದಿ ಗಂಟು ಹಾಕದೆ, ತುದಿಯನ್ನು ನಾಲ್ಕೈದು ಹೊಲಿಗೆಯ ಅಡಿ ತೂರಿಸಿ. ಧಾರವಾಡದ ಕಡೆ ಕಸೂತಿ ಹಾಕುವವರು ಗಂಟು ಕಂಡರೆ ಮುಖ ತಿರುಗಿಸುತ್ತಾರೆ, ಅವರ ಮುಂದೆ ಹಿಂಬದಿ ತೋರಿಸುವ ಪ್ರಸಂಗ ಬರಬಹುದು.

ಗಿಳಿಗಳ ವಿಷಯಕ್ಕೆ ಬಂದರೆ, ತಪ್ಪು ಹೆಚ್ಚಾಗಿ ಝೆರಾಕ್ಸ್ ನಕ್ಷೆಯದು. ನಾಲ್ಕು ಮಡಿಕೆಯಾಗಿ ವರ್ಷಗಟ್ಟಲೆ ಇದ್ದ ಕಾಗದದಲ್ಲಿ ಮಡಿಕೆಯ ಸಾಲು ಸವೆದು ಹೋಗಿರುತ್ತದೆ. ಆ ಸಾಲು ಸರಿಯಾಗಿ ಗಿಳಿಯ ಕತ್ತಿಗೇ ಬರುತ್ತದೆ. ಒಂದು ಗಿಳಿ ಮುಗಿಯುವವರೆಗೂ ಗೊತ್ತಾಗುವುದಿಲ್ಲ. ಎರಡನೆಯದನ್ನು ಹೊಲಿಯುವಾಗ ಕೊಕ್ಕು ಒಂದು ಖಾನೆ ಮೇಲೆ ಬಂದು, ಎರಡೂ ಗಿಳಿಗಳು ಎದುರುಬದುರು ನೋಡದೆ ಮುನಿಸಿಕೊಂಡ ಓರಗಿತ್ತಿಯರಂತೆ ಕೂರುತ್ತವೆ. ಅಲ್ಲಿಗೆ ಸೂಜಿ ನಿಂತಿತು, ಹತ್ತು ವರ್ಷ ಹೋಯಿತು. ತಪ್ಪು ಕಳೆದ ಐವತ್ತು ಹೊಲಿಗೆಯೊಳಗೆ ಇದ್ದರೆ ಬಿಚ್ಚಿ: ಮುಂಬದಿಯಿಂದ ಮೂರು ನಾಲ್ಕು ಹೊಲಿಗೆಗೊಮ್ಮೆ ಸಣ್ಣ ಕತ್ತರಿಯಿಂದ ಕತ್ತರಿಸಿ, ಹಿಂಬದಿಯಿಂದ ಚಿಮಟದಲ್ಲಿ ಎಳೆಯಿರಿ, ಉಳಿದ ನೂಲಿನ ಪುಡಿಯನ್ನು ಸೆಲೋಟೇಪ್ ಒತ್ತಿ ತೆಗೆಯಿರಿ. ಒಂದಿಡೀ ಗಿಳಿಯೇ ತಪ್ಪಿದ್ದರೆ ಬಿಚ್ಚುವ ಗೋಜಿಗೆ ಹೋಗಬೇಡಿ. ಎರಡನೆಯ ಗಿಳಿಗೂ ಅದೇ ಸಾಲು ಬಿಟ್ಟುಬಿಡಿ. ಎರಡೂ ಕಡೆ ಆದ ತಪ್ಪಿಗೆ ಡಿಸೈನ್ ಎಂದು ಹೆಸರು.

ಇನ್ನೊಂದು ಪೀಕಲಾಟ ನಮ್ಮ ಊರಿನದೇ. ಇಂಗ್ಲಿಷ್ ಅಕ್ಷರಗಳಲ್ಲಿ ‘ಗುಲ್ಬರ್ಗ’ ಎಂದು ಹೊಲಿಯಲು ಶುರುಮಾಡಿ ಬಿಟ್ಟವರಿದ್ದರೆ, 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿಯಾಯಿತು. ಇಂಗ್ಲಿಷಿನಲ್ಲಿ ಮೊದಲಿನದು 8 ಅಕ್ಷರ, ಈಗಿನದು 10. ಜಾಗ ಮಾತ್ರ ಅಷ್ಟೇ. ಗಾಬರಿ ಬೇಡ, ಲೆಕ್ಕ ಕೂರುತ್ತದೆ. ಒಂದಕ್ಷರಕ್ಕೆ 7 ಖಾನೆ, ನಡುವೆ ಒಂದೊಂದು ಖಾಲಿ ಎಂದರೆ ಹಳೆ ಹೆಸರಿಗೆ 56 ಮತ್ತು 7, ಒಟ್ಟು 63. ಈಗ ಅಕ್ಷರವನ್ನು 5 ಖಾನೆಗೆ ಇಳಿಸಿ. ಕೊನೆಯ ‘ಐ’ ಸಣಕಲು, ಅದಕ್ಕೆ 3 ಸಾಕು. ಒಂಬತ್ತು ಅಕ್ಷರಕ್ಕೆ 45, ಐಗೆ 3, ನಡುವಿನ ಖಾಲಿ 9, ಒಟ್ಟು 57. ಎರಡೂ ಬದಿ ಮೂರು ಮೂರು ಖಾನೆ ಉಳಿದು ನಡುಮಧ್ಯಕ್ಕೇ ಬರುತ್ತದೆ. ಹಳೆ ಅಕ್ಷರ ಬಿಚ್ಚಿದ ಜಾಗದಲ್ಲಿ ರಂಧ್ರ ಅಗಲವಾಗಿದ್ದರೆ ಒದ್ದೆ ಮಾಡಿ, ಉಗುರಿನಿಂದ ಮೆಲ್ಲಗೆ ಉಜ್ಜಿ, ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಬಹುಮಟ್ಟಿಗೆ ಮುಚ್ಚುತ್ತದೆ. ಇಸ್ತ್ರಿಗೆ ಮೊದಲು ಒಂದು ಎಚ್ಚರ: ನೀರಿಗೆ ಹೋಗುವ ನೀಲಿ ಪೆನ್ನಿನಲ್ಲಿ ಖಾನೆ ಗೆರೆ ಎಳೆದಿದ್ದರೆ ಮೊದಲು ತೊಳೆಯಲೇಬೇಕು, ಕಾವು ತಗುಲಿದರೆ ಅದು ಖಾಯಂ ಆಗಬಹುದು. ಕಾವಿಗೆ ಮಾಯವಾಗುವ ಪೆನ್ನಿನದು ಉಲ್ಟಾ. ಸುಮಾರು 60 ಡಿಗ್ರಿಗೆ ಮಾಯವಾಗುತ್ತದೆ. ಬಟ್ಟೆಯನ್ನು ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಹೋದರೆ ಇಸ್ತ್ರಿಯ ಅಗತ್ಯವೂ ಬೀಳಲಿಕ್ಕಿಲ್ಲ.

ಅರಿಶಿನದ ಕೈ ತಾಗಿದ್ದರೆ ಮಾತ್ರ ನಮ್ಮ ಬಿಸಿಲು ಉಪಕಾರಿ. ಅರಿಶಿನದ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಸೋಪು ಹಚ್ಚಿದ ಕೂಡಲೇ ಕೆಂಪಾಯಿತೆಂದು ಬೆದರಬೇಡಿ, ತೊಳೆದು, ಹೊಲಿಗೆಯ ಭಾಗವನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಕಲೆಯನ್ನಷ್ಟೇ ಬಿಸಿಲಿಗೊಡ್ಡಿ.

ಇನ್ನು ಕೌದಿ. ಹಳೆ ಕೌದಿಯ ಗಂಟಿನಲ್ಲಿ ಮೊದಲು ನೋಡಬೇಕಾದದ್ದು ಬಟ್ಟೆಯ ಜೀವ. ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆಯಿರಿ. ‘ಚರ್’ ಎಂದರೆ ಆ ಚೌಕ ಎಷ್ಟೇ ಚೆಂದವಿದ್ದರೂ ಬೇಡ. ವರ್ಷಗಟ್ಟಲೆ ಮಡಿಕೆಯಲ್ಲಿದ್ದ ಹತ್ತಿ ಮಡಿಕೆಯಲ್ಲೇ ಸೀಳುತ್ತದೆ. ಹತ್ತಿ ಸೀರೆಯ ನಡುವೆ ಪಾಲಿಯೆಸ್ಟರ್ ಸೀರೆ ಸೇರಿದ್ದರೆ ಅದನ್ನು ಹೊರಗೆ ಹಾಕುವುದೇ ವಾಸಿ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಜಗಳ ಹೊಲಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಅದು ಅಕ್ಕನ ಸೀಮಂತದ ಸೀರಿ’ ಎಂದು ಯಾರಾದರೂ ಕಣ್ಣೀರು ತಂದರೆ, ಸೀಮಂತದ ಸೀರೆಯಿಂದ ದಿಂಬಿನ ಚೀಲ ಆಗುತ್ತದೆ ಎಂದು ಸಮಾಧಾನ ಮಾಡಿ. ಜರಿ ಅಂಚು ಮೈಗೆ ತರಚುತ್ತದೆ, ಅದನ್ನು ಬಿಚ್ಚಿಡಿ.

ಕೌದಿ ನಿಲ್ಲುವುದು ನಡುವೆ ಉಬ್ಬು ಎದ್ದಾಗ. ಕಾರಣ ಒಂದೇ: ಪದರ ಹಾಸಿದವರು ಅವು ಜಾರದಂತೆ ಹಿಡಿದಿಡುವ ತಾತ್ಕಾಲಿಕ ಹೊಲಿಗೆ, ಅಂದರೆ ಟಾಕಾ, ಹಾಕಿರುವುದಿಲ್ಲ, ಹಾಕಿದರೂ ನಾಲ್ಕು ಮೂಲೆಗೆ ನಾಲ್ಕು. ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತಾ ಬಂದಂತೆ ಪ್ರತಿ ಸಾಲೂ ಮೇಲಿನ ಪದರವನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತದೆ. ತಳ್ಳಿದ ಬಟ್ಟೆಯೆಲ್ಲ ನಡುವೆ ಬಂದು ಹೊಟ್ಟೆಯಾಗಿ ನಿಲ್ಲುತ್ತದೆ. ಇದಕ್ಕೆ ಮದ್ದು ನಮ್ಮ ಕಡೆ ಕಾಲ ಕೆಳಗೇ ಇದೆ: ಶಹಾಬಾದ್ ಕಲ್ಲಿನ ಹಾಸು. ಎರಡಡಿ ಚೌಕದ ಕಲ್ಲುಗಳ ಸಂದುಗೆರೆಗೆ ಕೌದಿಯ ಅಂಚು ಹೊಂದಿಸಿದರೆ ಮೂಲೆಮಟ್ಟ ಬೇರೆ ಬೇಡ. ಆರಡಿಗೆ ಮೂರು ಕಲ್ಲು, ನಾಲ್ಕಡಿಗೆ ಎರಡು. ಬೇಸಿಗೆಯಲ್ಲಿ ಕೂರಲು ತಂಪು ಕೂಡ. ತಳಪದರವನ್ನು ಬಿಗಿಯಾಗಿ ಎಳೆಯದೆ, ನೆರಿಗೆ ಹೋಗುವಷ್ಟೇ ಹಾಸಿ, ಅಂಚಿಗೆ ಟೇಪ್ ಅಂಟಿಸಿ, ಒಂದೊಂದೇ ಪದರ ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಆಮೇಲೆ ನಡುವಿನಿಂದಲೇ ಶುರುಮಾಡಿ, ನಾಲ್ಕು ನಾಲ್ಕು ಇಂಚಿಗೊಂದು ಉದ್ದ ಟಾಕಾದ ಸಾಲು. ಇದು ಬೇಸರದ ಕೆಲಸ, ಮೊಣಕಾಲು ಬೈಯುತ್ತದೆ, ಆದರೆ ಇದನ್ನು ಬಿಟ್ಟವರ ಕೌದಿಗೆ ಮತ್ತೆ ಹೊಟ್ಟೆ ಬರುತ್ತದೆ.

ಆಗಲೇ ಉಬ್ಬಿದ ಕೌದಿಯನ್ನು ಪೂರ್ತಿ ಬಿಚ್ಚಬೇಕಾಗಿಲ್ಲ. ಉಬ್ಬಿನ ಸುತ್ತಲ ನಾಲ್ಕೈದು ಸಾಲು ಬಿಚ್ಚಿ, ಮೇಲಿನ ಪದರದಲ್ಲಿ ಹೆಚ್ಚಾದ ಬಟ್ಟೆಯನ್ನು ಒಂದು ನೆರಿಗೆ ಹಿಡಿದು ಚಪ್ಪಟೆ ಮಲಗಿಸಿ, ಅದರ ಮೇಲೆ ಒಂದು ಕೆಂಪು ಚೌಕದ ತೇಪೆ ಹಾಕಿ. ಬೇರೆ ಬಟ್ಟೆಗಳಲ್ಲಿ ತೇಪೆ ಎಂದರೆ ಬಡತನ, ಕೌದಿಯಲ್ಲಿ ಅದೇ ಅಲಂಕಾರ. ಈ ಸೌಲಭ್ಯ ಇರುವುದರಿಂದಲೇ ಕೌದಿ ನನಗೆ ಕ್ರಾಸ್ ಸ್ಟಿಚ್‌ಗಿಂತ ಉದಾರವಾದ ಕಲೆ ಎನಿಸುತ್ತದೆ.

ದಾರ ಎಷ್ಟು ಬೇಕು ಎಂಬುದನ್ನು ಯಾರೂ ಮೊದಲು ಕೇಳುವುದಿಲ್ಲ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ ಇಂಚಿಗೊಂದು ಸಾಲು ಎಂದರೆ 48 ಸಾಲು, 288 ಅಡಿ, ಹತ್ತಿರ ಹತ್ತಿರ 88 ಮೀಟರ್ ಹೊಲಿಗೆ. ಮೇಲೆ ಕೆಳಗೆ ಹಾಯುವುದು, ತುದಿ ಕಟ್ಟುವುದು ಸೇರಿ 100 ಮೀಟರ್ ದಾಟುತ್ತದೆ. ದಪ್ಪ ಹತ್ತಿ ದಾರವೇ ಇರಲಿ; ಪಾಲಿಯೆಸ್ಟರ್ ದಾರ ಹಳೆಯ ಹತ್ತಿಯನ್ನು ಕ್ರಮೇಣ ಕೊಯ್ಯುತ್ತದೆ ಎನ್ನುವವರಿದ್ದಾರೆ. ಒಮ್ಮೆಗೆ ಎರಡು ಮೊಳಕ್ಕಿಂತ ಉದ್ದ ಪೋಣಿಸಬೇಡಿ. ಪದೇ ಪದೇ ಎದ್ದು ಪೋಣಿಸುವುದು ತಪ್ಪಲಿ ಎಂದು ಐದು ಮೊಳ ಹಾಕಿದವರು ಸಿಕ್ಕು ಬಿಡಿಸುವುದರಲ್ಲಿ ಅದರ ಮೂರು ಪಟ್ಟು ಹೊತ್ತು ಕಳೆಯುತ್ತಾರೆ. ಐದು ಪದರದ ಮೂಲಕ ಹಾದು ಹಾದು ದಾರದ ಮೈಯೂ ಸವೆಯುತ್ತದೆ. ಒಮ್ಮೆ ಮೇಣದ ಮೇಲೆ ಎಳೆದುಕೊಳ್ಳಿ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ತಳ್ಳುವ ಲೋಹದ ಟೋಪಿ, ಇರಲಿ, ಅದು ಸಿಗದೆ ಬೆರಳಿಗೆ ರೂಪಾಯಿ ಕಟ್ಟಿಕೊಂಡು ಹೊಲಿಯುವ ಧೀರರಿದ್ದಾರೆ.

ಮಷೀನಿನಲ್ಲಿ ಚೌಕ ಜೋಡಿಸುವವರ ಎಡವಟ್ಟು ಬೇರೆ: ಸಾಲು ಸಾಲಿಗೆ ಹೊಂದುವುದಿಲ್ಲ. ನಾಲ್ಕಿಂಚಿನ ಚೌಕ ಬೇಕೆಂದರೆ ನಾಲ್ಕೂವರೆ ಕತ್ತರಿಸಿ ಕಾಲಿಂಚು ಒಳಗೆ ಹೊಲಿಯುತ್ತಾರೆ. ಹೊಲಿಗೆ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಒಳಗೆ ಹೋದರೆ ಚೌಕದ ಎರಡೂ ಬದಿ ಸೇರಿ ಎಂಟನೇ ಒಂದು ಭಾಗ ಹೋಯಿತು. ಹನ್ನೆರಡು ಚೌಕದ ಸಾಲಿಗೆ ಹತ್ತಿರ ಹತ್ತಿರ ಒಂದೂವರೆ ಇಂಚು. ಮೊದಲ ಸಾಲನ್ನು ಹೋದ ವರ್ಷ, ಎರಡನೆಯದನ್ನು ಈ ವರ್ಷ, ಬೇರೆ ಮಷೀನಿನಲ್ಲಿ ಹೊಲಿದವರಿಗೆ ಈ ಲೆಕ್ಕ ತಪ್ಪಿದ್ದಲ್ಲ. ಸೂಜಿಯಿಂದ ಕಾಲಿಂಚಿಗೆ ಮಷೀನಿನ ತಟ್ಟೆಯ ಮೇಲೆ ಟೇಪ್ ಅಂಟಿಸಿ, ಚಿಂದಿಯ ಮೇಲೆ ಹೊಲಿದು ಅಳೆದೇ ಮುಂದೆ ಹೋಗಿ.

ಇಷ್ಟೆಲ್ಲ ಆಗಿ ಮುಗಿಯುವ ಹಂತಕ್ಕೆ ಬಂದಾಗ ಬಂಧುವೊಬ್ಬರು ಬಂದು, ಬೆರಳಿನಿಂದ ಒಂದು ಸಲ ಸವರಿ, ‘ಇಂಥಾದ್ದು ಸೂಪರ್ ಮಾರ್ಕೆಟ್‌ದಾಗ ಇನ್ನೂರು ರೂಪಾಯಿಗೆ ಸಿಗ್ತದಲ್ರೀ’ ಎನ್ನುತ್ತಾರೆ. ಅವರಿಗೆ ಚಹಾ ಕೊಡಿ, ಕತ್ತರಿ ಕೈಗೆ ಸಿಗದಂತೆ ಇಡಿ.

ಉಳಿದದ್ದು ಟಿವಿ ಕವರು. 21 ಇಂಚಿನ ಡಬ್ಬಾ ಟಿವಿಗೆಂದು ಶುರುವಾಗಿ, ಮುಗಿಯುವಷ್ಟರಲ್ಲಿ ಟಿವಿಯೇ ಚಪ್ಪಟೆಯಾಗಿ ಗೋಡೆ ಹತ್ತಿತು. ಅದನ್ನು ಕತ್ತರಿಸಿ ದಿಂಬಿನ ಚೀಲ ಮಾಡುವುದಾದರೆ ಕತ್ತರಿ ಹಾಕುವ ಮೊದಲೇ ಗೆರೆಯ ಎರಡೂ ಬದಿ ಜಿಗ್‌ಜಾಗ್ ಹೊಲಿಗೆ ಹಾಕಿ, ಮ್ಯಾಟಿ ಬಹಳ ಬೇಗ ಎಳೆ ಬಿಚ್ಚುತ್ತದೆ. ಇನ್ವರ್ಟರ್ ಮೇಲೆ ಹೊದಿಸಬೇಡಿ, ಅದಕ್ಕೆ ಗಾಳಿಯಾಡಬೇಕು. ಸರಿಯಾಗಿ ಹೊಂದುವುದು ಕೂಲರಿಗೆ. ಮಳೆಗಾಲ ಶುರುವಾದಾಗಿನಿಂದ ಶಿವರಾತ್ರಿಯವರೆಗೆ ಅದು ಮೂಲೆಯಲ್ಲಿ ಬೆತ್ತಲೆ ನಿಂತಿರುತ್ತದೆ. ಟಾಕಿಯ ನೀರು ಖಾಲಿಮಾಡಿ, ಹುಲ್ಲಿನ ಪ್ಯಾಡು ಪೂರ್ತಿ ಒಣಗಿದ ಮೇಲೆಯೇ ಹೊದಿಸಬೇಕು, ಇಲ್ಲದಿದ್ದರೆ ಗಿಳಿಗಳಿಗೆ ಬೂಸ್ಟು ಹಿಡಿಯುತ್ತದೆ.