ಎಕ್ಸ್ ಬರೆದ ಮನೆಗೆ ಮತ್ತೆ ಹೋಗೋದು ಯಾರು?

ನಮ್ಮ ಸೇವಾ ಕ್ಲಬ್ಬಿನಲ್ಲಿ ಒಂದು ಹಳೇ ಕಬ್ಬಿಣದ ಬೀರು ಇದೆ. ಈ ವರ್ಷ ನಾನು ಕಾರ್ಯದರ್ಶಿ. ಸಭೆ ಸೇರುವ ಕೋಣೆ ಬದಲಾಗಿದ್ದರಿಂದ ಬೀರು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಒಂದು ಗಂಟೆಯಲ್ಲಿ ಮುಗಿಸಿ ಬರೋಣ ಅಂತ ಹೋದವನು ಕತ್ತಲಾಗುವವರೆಗೂ ನೆಲದ ಮೇಲೆ ಕೂತಿದ್ದೆ. ಕ್ಲಬ್ ಹುಟ್ಟಿದ ದಿನದಿಂದ ಬರೆದಿಟ್ಟ ಮಿನಿಟ್ಸ್ ಪುಸ್ತಕಗಳು ಒಳಗಿದ್ದವು.

(ರೋಟರಿಯೋ ಲಯನ್ಸೋ ಅಂತ ಕೇಳಬೇಡಿ. ಮುಂದೆ ಸ್ವಲ್ಪ ಬೈಗುಳ ಇದೆ. ಬೈಸಿಕೊಳ್ಳುವವರ ಸಾಲಿನಲ್ಲಿ ನಾನೂ ಇದ್ದೇನೆ.)

ಮೊದಲ ಪುಸ್ತಕಗಳೆಲ್ಲ ಇಂಕ್ ಪೆನ್ನಿನ ಬರಹ. ಆಮೇಲೆ ಬಾಲ್‌ಪೆನ್. ಆಮೇಲೆ ಟೈಪ್ ಮಾಡಿ ಪಿನ್ ಹೊಡೆದ ಹಾಳೆಗಳು. ಇತ್ತೀಚಿನದ್ದು ಏನೂ ಇಲ್ಲ, ಎಲ್ಲ ವಾಟ್ಸ್‌ಆ್ಯಪ್‌ನಲ್ಲಿ ಹೋಗಿದೆ. ಒಂದು ಸಾಲು ಮಾತ್ರ ಎಲ್ಲಾ ಕಾಲದಲ್ಲೂ ಇದೆ: ‘ಈ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚಿಸುವುದು.’ ಓದುತ್ತಾ ಓದುತ್ತಾ ನಗು ಬಂತು. ನಾನೂ ಕಳೆದ ತಿಂಗಳು ಅದನ್ನೇ ಬರೆದಿದ್ದೆ.

ನಗು ನಿಂತದ್ದು ಪಟ್ಟಿ ಮಾಡೋಕೆ ಕೂತಾಗ. ನಮ್ಮ ಕ್ಲಬ್ ಇಷ್ಟು ವರ್ಷಗಳಲ್ಲಿ ಏನೇನು ಉದ್ಘಾಟನೆ ಮಾಡಿದೆ ಅಂತ ಒಂದು ಹಾಳೆ ತೆಗೆದುಕೊಂಡು ಬರೆಯುತ್ತಾ ಹೋದೆ. ಬಸ್ ತಂಗುದಾಣ, ಗ್ರಂಥಾಲಯದ ಕಪಾಟು, ಶೌಚಾಲಯ, ಕುಡಿಯುವ ನೀರಿನ ಘಟಕ, ಕಂಪ್ಯೂಟರ್ ಕೊಠಡಿ. ಹಾಳೆ ತುಂಬಿ ಇನ್ನೊಂದು ಬೇಕಾಯಿತು. ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಂದು ಕೆಟ್ಟ ಯೋಚನೆ ಬಂತು. ಇವುಗಳಲ್ಲಿ ಈಗ ಎಷ್ಟು ಕೆಲಸ ಮಾಡುತ್ತಿವೆ? ಭಾನುವಾರ ಭಾನುವಾರ ಬೈಕ್ ಹತ್ತಿ ಒಂದೊಂದನ್ನೇ ನೋಡಿಕೊಂಡು ಬಂದೆ.

ಒಂದರ ಬಗ್ಗೆ ಮಾತ್ರ ಹೇಳುತ್ತೇನೆ. ಅದು ಶಾಲೆಗೆ ನಾವು ಕೊಟ್ಟ ನೀರಿನ ಫಿಲ್ಟರ್. ಗೋಡೆಯ ಮೇಲಿನ ಕಲ್ಲು ಥಳಥಳ ಅನ್ನುತ್ತಿತ್ತು. ಅಧ್ಯಕ್ಷರ ಹೆಸರು, ಅತಿಥಿಗಳ ಹೆಸರು, ಕ್ಲಬ್ಬಿನ ಚಿಹ್ನೆ, ಒಂದಕ್ಷರ ಅಳಿಸಿಲ್ಲ. ಅದರ ಕೆಳಗೆ ಮೂರು ನಲ್ಲಿ. ಒಂದಕ್ಕೆ ಹಿಡಿ ಇಲ್ಲ, ತಂತಿ ಸುತ್ತಿದ್ದರು. ಇನ್ನೆರಡು ತಿರುಗಿಸಿದರೆ ಗಾಳಿ ಬಂತು. ಫಿಲ್ಟರ್ ಒಳಗಿನ ಕಾರ್ಟ್ರಿಡ್ಜ್ ಒಂದು ಸಲವೂ ಬದಲಾಗಿರಲಿಲ್ಲ, ಕಟ್ಟಿಕೊಂಡು ಕೂತಿತ್ತು. ನಾನು ಮುಖ್ಯ ಶಿಕ್ಷಕಿಯನ್ನು ಸ್ವಲ್ಪ ಜೋರಾಗಿಯೇ ಕೇಳಿದೆ, ನಮಗೆ ಹೇಳಬಾರದಿತ್ತಾ ಅಂತ. ಅವರು ಸಮಾಧಾನವಾಗಿ, ‘ಕಲ್ಲಿನ ಮೇಲೆ ಹೆಸರುಗಳಿವೆ ಸರ್, ಫೋನ್ ನಂಬರ್ ಎಲ್ಲಿದೆ?’ ಅಂದರು.

ಆ ಮಾತು ಈಗಲೂ ಚುಚ್ಚುತ್ತಿದೆ.

ಸೇವಾ ಕ್ಲಬ್ ಅಂದರೆ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ವರ್ಷ ಶುರುವಾಗೋದು ಜುಲೈ 1ಕ್ಕೆ. ಅವತ್ತು ಅಧ್ಯಕ್ಷರ ಕಾಲರ್, ಅಂದರೆ ಹುದ್ದೆಯ ಗುರುತಿನ ಹಾರ, ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತದೆ. ಒಂದೇ ವರ್ಷದ ಅಧಿಕಾರ. ಇದು ಒಳ್ಳೇ ಪದ್ಧತಿ. ಯಾರೂ ಕುರ್ಚಿಗೆ ಅಂಟಿಕೊಳ್ಳುವಂತಿಲ್ಲ, ಎಲ್ಲರಿಗೂ ಒಂದು ಸಲ ಜವಾಬ್ದಾರಿ ಬರುತ್ತದೆ. ಆದರೆ ಪದಗ್ರಹಣದ ದಿನ ಪ್ರತಿಯೊಬ್ಬ ಅಧ್ಯಕ್ಷರಿಗೂ ‘ನನ್ನ ವರ್ಷದ ಪ್ರಾಜೆಕ್ಟ್’ ಅಂತ ಒಂದು ಬೇಕು. ಹೋದ ವರ್ಷದ ನಲ್ಲಿಗೆ ವಾಷರ್ ಹಾಕಿಸಿದೆ ಅಂತ ಬ್ಯಾನರ್ ಕಟ್ಟೋಕಾಗುತ್ತಾ? ನಮ್ಮ ಕ್ಲಬ್ಬಿನ ವಾರ್ಷಿಕ ವರದಿಯಲ್ಲಿ ಹೊಸ ಯೋಜನೆಗಳಿಗೆ ನಾಲ್ಕು ಪುಟ ಇದೆ. ರಿಪೇರಿಗೆ ಜಾಗವೇ ಇಲ್ಲ. ಗಿಡ ನೆಡುವ ಕಾರ್ಯಕ್ರಮದ ಕಥೆ ನಿಮಗೇ ಗೊತ್ತು, ಅದನ್ನು ಬಿಟ್ಟುಬಿಡೋಣ.

ಶುರುವಿನಲ್ಲಿ ರೋಟರಿ ಸೇವೆಯ ಕ್ಲಬ್ಬೂ ಆಗಿರಲಿಲ್ಲ. 1905ರ ಫೆಬ್ರವರಿ 23ರಂದು ಶಿಕಾಗೋದ ಯೂನಿಟಿ ಬಿಲ್ಡಿಂಗಿನ 711ನೇ ಕೋಣೆಯಲ್ಲಿ ನಾಲ್ಕು ಜನ ಸೇರಿದರು. ಪಾಲ್ ಹ್ಯಾರಿಸ್ ಅನ್ನುವ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ದೊಡ್ಡ ಊರಿನಲ್ಲಿ ನಾಲ್ಕು ಜನ ಸ್ನೇಹಿತರು ಬೇಕಿತ್ತು, ಜೊತೆಗೆ ಒಬ್ಬರಿಗೊಬ್ಬರು ವ್ಯಾಪಾರ ಕೊಡೋಣ ಅನ್ನುವ ಲೆಕ್ಕವೂ ಇತ್ತು. ಸಭೆಯನ್ನು ಸರದಿಯಂತೆ ಒಬ್ಬೊಬ್ಬರ ಆಫೀಸಿನಲ್ಲಿ ಮಾಡುತ್ತಿದ್ದರು, ಅದಕ್ಕೇ ರೋಟರಿ ಅನ್ನುವ ಹೆಸರು. ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರು ಅಂತ ಲೆಕ್ಕ ಬರೆಯೋಕೆ ಒಬ್ಬ ಪದಾಧಿಕಾರಿ ಕೂಡ ಇದ್ದ! 1906ರಲ್ಲಿ ಡೊನಾಲ್ಡ್ ಕಾರ್ಟರ್ ಅನ್ನುವ ಪೇಟೆಂಟ್ ವಕೀಲರನ್ನು ಸೇರೋಕೆ ಕರೆದರೆ, ಬರೀ ತನ್ನ ಸದಸ್ಯರಿಗೆ ಮಾತ್ರ ಉಪಯೋಗಕ್ಕೆ ಬರುವ ಕ್ಲಬ್ಬಿಗೆ ಭವಿಷ್ಯ ಇಲ್ಲ ಅಂದುಬಿಟ್ಟರಂತೆ. ಅವರ ಮಾತಿಗೆ ಕಿವಿಗೊಟ್ಟು ನಿಯಮಕ್ಕೆ ಊರಿನ ಹಿತವನ್ನೂ ಸೇರಿಸಿದರು.

ಆ ಕ್ಲಬ್ 1907ರಲ್ಲಿ ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ಯಾವುದು ಗೊತ್ತಾ? ಸಾರ್ವಜನಿಕ ಶೌಚಾಲಯ. ನನಗೆ ಇದು ತುಂಬಾ ಇಷ್ಟವಾಗುವ ಸಂಗತಿ. ಇದಕ್ಕೂ ವಿರೋಧ ಬಂತು. ಬಿಯರ್ ತಯಾರಕರು ವಿರೋಧಿಸಿದರು, ದೊಡ್ಡ ಅಂಗಡಿಗಳವರೂ ವಿರೋಧಿಸಿದರು. ಶೌಚಾಲಯಕ್ಕೆ ಅಂತ ಬಾರಿಗೋ ಅಂಗಡಿಗೋ ಬಂದವರು ಒಂದು ಗ್ಲಾಸ್ ಕುಡಿಯುತ್ತಿದ್ದರು, ಏನಾದರೂ ಕೊಳ್ಳುತ್ತಿದ್ದರು. ಆ ಗಿರಾಕಿ ತಪ್ಪುತ್ತಾರಲ್ಲ!

‘ನಿಮ್ಮದು ಫೋಟೋ ಕ್ಲಬ್’ ಅಂತ ಚುಚ್ಚುವ ಗೆಳೆಯರು ನನಗಿದ್ದಾರೆ. ಒಪ್ಪಿಕೊಳ್ಳುತ್ತೇನೆ, ಅರ್ಧ. ಹತ್ತು ನೋಟ್‌ಬುಕ್ ಕೊಡೋಕೆ ಹದಿನೈದು ಜನ ನಿಂತ ಫೋಟೋದಲ್ಲಿ ನಾನೂ ಎಡಗಡೆಯಿಂದ ಮೂರನೆಯವನು. ಇನ್ನರ್ಧ ಒಪ್ಪದೇ ಇರೋಕೆ ಕಾರಣ ಒಂದು ಕೋಲು. 1930ರಲ್ಲಿ ಅಮೆರಿಕದ ಪಿಯೋರಿಯಾ ಅನ್ನುವ ಊರಿನಲ್ಲಿ ಲಯನ್ಸ್ ಕ್ಲಬ್ಬಿನ ಜಾರ್ಜ್ ಬೋನ್‌ಹ್ಯಾಮ್, ಕಣ್ಣು ಕಾಣದ ಒಬ್ಬರು ರಸ್ತೆ ದಾಟೋಕೆ ಪರದಾಡುವುದನ್ನು ನೋಡಿದರು. ಅವರ ಕೈಯಲ್ಲಿದ್ದ ಕಪ್ಪು ಕೋಲು ಗಾಡಿಯವರ ಕಣ್ಣಿಗೆ ಬೀಳುತ್ತಿರಲಿಲ್ಲ. ಕ್ಲಬ್ಬಿನವರು ಕೋಲಿಗೆ ಬಿಳಿ ಬಣ್ಣ ಬಳಿದು, ಕೆಂಪು ಪಟ್ಟಿ ಹಾಕಿ ಹಂಚಿದರು. ಬಿಳಿ ಕೋಲು ಹಿಡಿದವರಿಗೆ ದಾರಿ ಬಿಡಬೇಕು ಅಂತ ನಗರಸಭೆಯಿಂದ ನಿಯಮವನ್ನೂ ಮಾಡಿಸಿದರು. ಒಂದು ಡಬ್ಬಿ ಬಣ್ಣದ ಖರ್ಚು. ಅದರ ಹಿಂದೆ ಬಿದ್ದು ಕಾನೂನು ಆಗುವವರೆಗೆ ಬಿಡಲಿಲ್ಲ ನೋಡಿ, ಮುಖ್ಯವಾದ ಕೆಲಸ ಅದು.

ರಕ್ತದಾನದ ವಿಷಯದಲ್ಲಿ ನಮಗೇ ಬುದ್ಧಿ ಬಂದದ್ದು ತಡವಾಗಿ. ಸ್ಥಾಪನಾ ದಿನಕ್ಕೆ ದೊಡ್ಡ ಶಿಬಿರ ಮಾಡುತ್ತಿದ್ದೆವು, ಪ್ರತಿ ವರ್ಷ ಹೋದ ವರ್ಷಕ್ಕಿಂತ ಜಾಸ್ತಿ ಬಾಟಲಿ ಆಗಬೇಕು ಅನ್ನುವ ಹಟ. ಒಮ್ಮೆ ರಕ್ತನಿಧಿಯ ಒಬ್ಬ ಟೆಕ್ನಿಷಿಯನ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿ ವಿವರಿಸಿದರು. ಕೆಂಪು ರಕ್ತಕಣಗಳನ್ನು ತಣ್ಣಗೆ ಇಟ್ಟರೂ ಹೆಚ್ಚೆಂದರೆ 42 ದಿನ. ಪ್ಲೇಟ್‌ಲೆಟ್ ಆದರೆ 5ರಿಂದ 7 ದಿನ, ಅಷ್ಟೇ. ಇವತ್ತು ಕೊಟ್ಟವರು ಮತ್ತೆ ಕೊಡೋಕೆ ಕೆಲವು ತಿಂಗಳು ಬೇಕು. ‘ನೀವು ಊರಿನ ದಾನಿಗಳನ್ನೆಲ್ಲ ಒಂದೇ ದಿನ ಮುಗಿಸಿಬಿಡುತ್ತೀರಿ. ಎರಡು ತಿಂಗಳಾದ ಮೇಲೆ ನಾನು ಯಾರಿಗೆ ಫೋನ್ ಮಾಡಲಿ?’ ಅಂತ ಕೇಳಿದರು. ಈಗ ತಿಂಗಳಿಗೊಂದು ಸಣ್ಣ ಶಿಬಿರ ಮಾಡುತ್ತೇವೆ. ಪೇಪರಿನಲ್ಲಿ ಸುದ್ದಿ ಬರಲ್ಲ. ಟೆಕ್ನಿಷಿಯನ್ ಖುಷಿಯಾಗಿದ್ದಾರೆ.

ಒಂದು ವರ್ಷದ ಅಧಿಕಾರದಲ್ಲಿ ನಿರಂತರವಾಗಿ ಏನು ಮಾಡೋಕಾಗುತ್ತದೆ ಅಂತ ಸಭೆಯಲ್ಲಿ ಯಾರಾದರೂ ಕೈಚೆಲ್ಲಿದರೆ ನಾನು ಪೋಲಿಯೊ ಅನ್ನುತ್ತೇನೆ. ಈಗ ಅದು ಗೊತ್ತಾಗಿ, ನಾನು ಬಾಯಿ ತೆಗೆದರೆ ಸಾಕು ಪಕ್ಕದವರು ‘ಬಂತು ಪೋಲಿಯೊ’ ಅನ್ನುತ್ತಾರೆ. ಆದರೂ ಹೇಳುತ್ತೇನೆ. ರೋಟರಿಯ ವಿಶ್ವ ಅಧ್ಯಕ್ಷರೂ ವರ್ಷಕ್ಕೊಬ್ಬರೇ. 1979ರಲ್ಲಿ ರೋಟರಿಯವರು ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಯೋಜನೆ ಶುರು ಮಾಡಿದರು. 1985ರಲ್ಲಿ ಪೋಲಿಯೊಪ್ಲಸ್ ಅನ್ನುವ ರೋಟರಿಯ ಪೋಲಿಯೊ ಅಭಿಯಾನ ಬಂತು. 12 ಕೋಟಿ ಡಾಲರ್ ಕೂಡಿಸೋಣ ಅಂತ ಹೊರಟವರು 1988ರ ಹೊತ್ತಿಗೆ 24.7 ಕೋಟಿ ಡಾಲರ್ ತಂದರು. ಆ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜೊತೆ ಸೇರಿ ಜಗತ್ತಿನ ಪೋಲಿಯೊ ನಿರ್ಮೂಲನಾ ಕಾರ್ಯಕ್ರಮ ಹುಟ್ಟಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳಿಗೆ ಪೋಲಿಯೊ ಬಡಿಯುತ್ತಿತ್ತು. ಅಲ್ಲಿಂದ ಇಲ್ಲಿವರೆಗೆ ಎಷ್ಟು ಜುಲೈ 1 ಬಂದು ಹೋದವು? ಪ್ರತಿ ಹೊಸ ಅಧ್ಯಕ್ಷರೂ ‘ನನ್ನ ವರ್ಷಕ್ಕೆ ಬೇರೆ ರೋಗ ಇರಲಿ’ ಅಂದಿದ್ದರೆ?

ಭಾರತದಲ್ಲಿ ಮನೆಮನೆಗೆ ಹನಿ ಹಾಕೋಕೆ ಹೋದ ತಂಡಗಳ ಕೈಯಲ್ಲಿ ಎರಡು ವಸ್ತು ಇರುತ್ತಿದ್ದವು. ಒಂದು ತಣ್ಣನೆಯ ಪೆಟ್ಟಿಗೆ. ಅದರೊಳಗಿನ ಪ್ರತಿ ಸೀಸೆಯ ಮೇಲೂ ಸಣ್ಣ ವೃತ್ತ, ವೃತ್ತದೊಳಗೆ ಬಿಳಿ ಚೌಕ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ. ವೃತ್ತದ ಬಣ್ಣಕ್ಕೇ ಬಂತೋ, ಆ ಸೀಸೆ ಬಿಸಾಡಬೇಕು. ಇನ್ನೊಂದು ಸೀಮೆಸುಣ್ಣ. ಮನೆಯ ಮಕ್ಕಳೆಲ್ಲರಿಗೂ ಹನಿ ಸಿಕ್ಕಿದ್ದರೆ ಗೋಡೆ ಮೇಲೆ ‘ಪಿ’. ಮಗು ಮನೆಯಲ್ಲಿಲ್ಲ, ಬೀಗ ಹಾಕಿದೆ, ಅಥವಾ ಮನೆಯವರು ಬೇಡ ಅಂದರು ಅಂತಾದರೆ ‘ಎಕ್ಸ್’. ಎಕ್ಸ್ ಬರೆದ ಮನೆಗೆ ಮತ್ತೆ ಹೋಗಬೇಕು. ಆಗಲೂ ಸಿಗಲಿಲ್ಲ ಅಂದರೆ ಮತ್ತೆ. ಭಾರತದಲ್ಲಿ ಸಹಜವಾಗಿ ಹರಡುವ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದು, ಪಶ್ಚಿಮ ಬಂಗಾಳದ ಹೌರಾದ್ದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅನ್ನುವ ಪ್ರಮಾಣಪತ್ರ ಬಂತು. ಪಿ ಬರೆದ ಮನೆಗಳಿಂದ ಅಷ್ಟೇ ಅದು ಬರುತ್ತಿರಲಿಲ್ಲ, ಅಲ್ವಾ? ಅಫ್ಘಾನಿಸ್ತಾನ, ಪಾಕಿಸ್ತಾನದಲ್ಲಿ ಇನ್ನೂ ಎಕ್ಸ್ ಮನೆಗಳ ಸುತ್ತ ಓಡಾಟ ನಡೆದೇ ಇದೆ.

ನಮ್ಮ ಆ ಶಾಲೆ ಒಂದು ಎಕ್ಸ್ ಮನೆ. ನಾವು ಪಿ ಬರೆದು ಬಂದಿದ್ದೆವು.

ಈಗ ಮತ್ತೆ ಬೀರುವಿಗೆ ಬರುತ್ತೇನೆ. ಮಿನಿಟ್ಸ್ ಪುಸ್ತಕಗಳ ಕೆಳಗೆ ರಟ್ಟು ಕಿತ್ತುಹೋದ ಒಂದು ಉದ್ದದ ರಿಜಿಸ್ಟರ್ ಸಿಕ್ಕಿತು. ವೀಲ್‌ಚೇರ್, ವಾಕರ್, ವಾಟರ್‌ಬೆಡ್, ಕಮೋಡ್ ಕುರ್ಚಿ, ಇವನ್ನೆಲ್ಲ ಬೇಕಾದವರಿಗೆ ಸುಮ್ನೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಳ್ಳುವ ಲೆಕ್ಕ. ಕ್ಲಬ್ಬಿನಲ್ಲಿ ಒಂದು ವರ್ಷವೂ ನಿಲ್ಲದೆ ನಡೆದ ಕೆಲಸ ಇದೊಂದೇ. ಮಿನಿಟ್ಸ್‌ನಲ್ಲಿ ಇದರ ಹೆಸರು ಎಲ್ಲೋ ಎರಡು ಕಡೆ. ಇದಕ್ಕೆ ಉದ್ಘಾಟನೆ ಆಗಿಲ್ಲ, ಕಲ್ಲು ಇಲ್ಲ.

ಕಾಲಂಗಳು ಐದು. ವಸ್ತು, ಒಯ್ದವರು, ದಿನಾಂಕ, ವಾಪಸ್, ಷರಾ. ಷರಾ ಕಾಲಂ ಓದುತ್ತಾ ನನಗೆ ಊಟದ ನೆನಪೂ ಆಗಲಿಲ್ಲ. ‘ಎಡ ಚಕ್ರ ಸಡಿಲ, ಬಿಗಿ ಮಾಡಿಸಿದೆ.’ ‘ಇನ್ನೊಂದು ತಿಂಗಳು ಬೇಕಂತೆ, ಸರಿ ಅಂದಿದ್ದೇನೆ.’ ‘ಮಗು ಈಗ ನಡೆಯುತ್ತದೆ.’ ಒಂದು ಕಡೆ, ‘ತೀರಿಕೊಂಡರು. ಮನೆಯವರು ಕುರ್ಚಿ ತೊಳೆದು ತಂದುಕೊಟ್ಟರು. ಹೊಸ ವಾಕರ್ ಒಂದು ಸೇರಿಸಿ ಕೊಟ್ಟಿದ್ದಾರೆ.’

ಮೊದಲ ಇಪ್ಪತ್ತೈದು ಮೂವತ್ತು ಪುಟ ಒಂದೇ ಕೈಬರಹ, ಗುಂಡು ಗುಂಡಾದ ಅಕ್ಷರ. ಹಳಬರನ್ನು ಕೇಳಿದೆ. ಆಗಿನ ಒಬ್ಬ ಸದಸ್ಯರ ಹೆಂಡತಿಯಂತೆ. ಅವರಿಗೆ ಸದಸ್ಯತ್ವ ಇರಲಿಲ್ಲ, ಯಾಕೆಂದರೆ ಹೆಂಗಸರಿಗೆ ಕೊಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ರೋಟರಿ ಕ್ಲಬ್ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು ಅಂತ 1978ರಲ್ಲಿ ರೋಟರಿಯವರು ಅದರ ಚಾರ್ಟರನ್ನೇ, ಅಂದರೆ ಮಾನ್ಯತೆಯನ್ನೇ, ಕಿತ್ತುಕೊಂಡಿದ್ದರು. ಡುವಾರ್ಟೆಯವರು ‘ಮಾಜಿ ರೋಟರಿ ಕ್ಲಬ್’ ಅಂತ ಹೆಸರಿಟ್ಟುಕೊಂಡು ಸಭೆ ಸೇರುತ್ತಲೇ ಇದ್ದರು, ಜೊತೆಗೆ ಕೋರ್ಟಿಗೂ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಲಯನ್ಸ್ ಕೂಡ ಬಾಗಿಲು ತೆಗೆದದ್ದು ಅದೇ ವರ್ಷ. ಆ ಗುಂಡು ಅಕ್ಷರದವರಿಗೆ ಮಾತ್ರ ಯಾರೂ ಒಂದು ಸದಸ್ಯತ್ವದ ಪಿನ್ ಹಾಕಲಿಲ್ಲ. ಹಿಂದಿನ ಅಧ್ಯಕ್ಷರ ಬೋರ್ಡಿನಲ್ಲಿ ಅವರ ಗಂಡನ ಹೆಸರಿದೆ. ಅವರ ಹೆಸರು ಎಲ್ಲೂ ಇಲ್ಲ.

ಮೊನ್ನೆ ಸಭೆಯಲ್ಲಿ ನಾನು ಎರಡು ವಿಷಯ ಇಟ್ಟೆ. ಈ ವರ್ಷ ಹೊಸ ಕಟ್ಟಡ, ಹೊಸ ಘಟಕ ಯಾವುದೂ ಬೇಡ, ಹಳೇ ಪಟ್ಟಿಯನ್ನು ಒಂದೊಂದಾಗಿ ಸರಿ ಮಾಡೋಣ. ಎರಡನೆಯದು, ಪ್ರತಿ ಕಲ್ಲಿನ ಕೆಳಗೆ ಒಂದು ಫೋನ್ ನಂಬರ್ ಬರೆಸೋಣ, ಆ ನಂಬರ್ ಅಧ್ಯಕ್ಷರದ್ದಾಗಬಾರದು, ಕ್ಲಬ್ಬಿನದ್ದಾಗಿರಬೇಕು. ಅರ್ಧ ಗಂಟೆ ಗಲಾಟೆ ಆಯಿತು. ಮುಂದಿನ ವರ್ಷದ ಅಧ್ಯಕ್ಷರು ಒಂದು ಬಸ್ ತಂಗುದಾಣಕ್ಕೆ ಆಗಲೇ ಯಾರಿಗೋ ಮಾತು ಕೊಟ್ಟಿದ್ದಾರಂತೆ. ನಂಬರ್ ವಿಷಯ ಪಾಸಾಯಿತು. ಮೊದಲನೆಯದರ ಮುಂದೆ ನಾನೇ ನನ್ನ ಕೈಯಾರೆ ಬರೆದೆ: ‘ಮುಂದಿನ ಸಭೆಯಲ್ಲಿ ಚರ್ಚಿಸುವುದು.’

ಆ ಶಾಲೆಯ ಮೂರೂ ನಲ್ಲಿಯಲ್ಲಿ ಈಗ ನೀರು ಬರುತ್ತಿದೆ. ರಿಜಿಸ್ಟರಿಗೆ ಹೊಸ ರಟ್ಟು ಹಾಕಿಸಿದ್ದೇನೆ. ನಿನ್ನೆ ಎರಡು ವಾಕರ್ ವಾಪಸ್ ಬಂದವು. ಒಂದರ ಕಾಲಿನ ರಬ್ಬರ್ ಬುಷ್ ಕಳೆದುಹೋಗಿದೆ, ನಾಳೆ ಬೆಳಗ್ಗೆ ಅದನ್ನು ಒಯ್ಯೋಕೆ ಒಬ್ಬರು ಬರುತ್ತಾರೆ. ಅಷ್ಟರೊಳಗೆ ಒಂದು ಹಾಕಿಸಬೇಕು.