ಹತ್ತಕ್ಕೆ ಎಷ್ಟು?

ಅಕ್ಕನ ಮಗ ನ್ಯೂಜೆರ್ಸಿಯಿಂದ ವಿಡಿಯೋ ಕಾಲ್ ಮಾಡಿದಾಗ ನಾನು ಅಟ್ಟದ ಮೇಲಿದ್ದೆ. ಹಬ್ಬಕ್ಕೆ ಮುಂಚೆ ಅಟ್ಟ ಖಾಲಿ ಆಗಬೇಕು ಅನ್ನುವುದು ಮನೆಯಾಕೆಯ ಆಜ್ಞೆ. ಕೆಳಗೆ ಗೇಟಿನ ಹತ್ತಿರ ಹಳೇ ಪೇಪರಿನವನು ತಕ್ಕಡಿ ಹಿಡಿದು ಕಾಯುತ್ತಿದ್ದ. ಇಂಗ್ಲಿಷ್ ಪೇಪರಿಗೆ ಒಂದು ರೇಟು, ಕನ್ನಡಕ್ಕೆ ಅದಕ್ಕಿಂತ ಕಡಿಮೆ, ಮ್ಯಾಗಜೀನಿಗೆ ಇನ್ನೂ ಕಡಿಮೆ ಎಂದು ಆಗಲೇ ಹೇಳಿಯೂ ಆಗಿತ್ತು. ಒಳಗೆ ಏನು ಬರೆದಿದೆ ಅನ್ನುವುದಕ್ಕೆ ಅವನ ತಕ್ಕಡಿಯಲ್ಲಿ ಜಾಗವಿಲ್ಲ.

ಫೋನನ್ನು ಟ್ರಂಕಿಗೆ ಒರಗಿಸಿಕೊಂಡು ಮಾತಾಡುತ್ತಿದ್ದೆ. ಟ್ರಂಕಿನ ಮುಚ್ಚಳ ತೆರೆದಿತ್ತು.

"ಮಾಮ, ಕ್ಯಾಮೆರಾ ಸ್ವಲ್ಪ ತಿರುಗಿಸಿ. ಅದು ಚಂದಮಾಮಾನಾ?"

"ಹ್ಞೂಂ ಕಣೋ. ನಿಮ್ಮಮ್ಮ, ನಾನು ಕಿತ್ತಾಡಿಕೊಂಡು ಓದಿದ್ದು. ಕೆಳಗೆ ತೂಕಕ್ಕೆ ಹಾಕೋಕೆ ಕಾಯ್ತಿದಾನೆ."

"ಮಾಮ, ಮುಟ್ಟಬೇಡಿ!"

ಎಷ್ಟು ಜೋರಾಗಿ ಕೂಗಿದನೆಂದರೆ, ಹಾವು ಕಂಡಿತೇನೋ ಅಂದುಕೊಂಡು ನಾನು ಕಾಲು ಮೇಲಕ್ಕೆತ್ತಿ ಕೂತೆ.

ಅವನು ಹೇಳಿದ ಸಂಗತಿ ಇಷ್ಟು. ಅಮೆರಿಕದಲ್ಲಿ ಹಳೇ ಕಾಮಿಕ್ಸು, ಮ್ಯಾಗಜೀನುಗಳಿಗೆ ಗ್ರೇಡಿಂಗ್ ಮಾಡಿಸುತ್ತಾರೆ. ಅದಕ್ಕೇ ಅಂತ ಕಂಪನಿಗಳಿವೆ. 2000ದಲ್ಲಿ ಶುರುವಾದ ಸಿಜಿಸಿ ಅನ್ನುವುದು ಫ್ಲೋರಿಡಾದ ಸರಸೋಟಾ ಊರಿನಲ್ಲಿದೆ. ನಾವು ಪತ್ರಿಕೆ ಕಳಿಸಿದರೆ ಅವರು ಪುಟ ಎಣಿಸಿ, ಮೂಲೆ ನೋಡಿ, ಪಿನ್ನು ನೋಡಿ, ಕಾಗದ ಎಷ್ಟು ಹಳದಿಯಾಗಿದೆ ಅಂತ ನೋಡಿ, ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಸೀಲ್ ಮಾಡುತ್ತಾರೆ. ಅದಕ್ಕೆ ಸ್ಲ್ಯಾಬ್ ಅನ್ನುತ್ತಾರಂತೆ. ನಮ್ಮಲ್ಲಿ ಮಳೆ ನೀರಿನ ಮೋರಿ ಮುಚ್ಚುವುದಕ್ಕೂ ಅದೇ ಹೆಸರು.

ಹಳೇ ಪೇಪರಿನವನನ್ನು ವಾಪಸ್ ಕಳಿಸಿದೆ. ಅವನಿಗಿಂತ ಹೆಚ್ಚು ಮುಖ ಗಂಟು ಹಾಕಿಕೊಂಡದ್ದು ನನ್ನ ಹೆಂಡತಿ.

ಸಂಜೆ ನಡುಮನೆಯಲ್ಲಿ ಟ್ರಂಕು ಬಿಚ್ಚಿ ಕೂತೆ. ನುಸಿಗುಳಿಗೆ ವಾಸನೆ ಅಡುಗೆಮನೆವರೆಗೂ ಹೋಯಿತು. ಅಪ್ಪ ಪಂಚಾಂಗ ನೋಡುವ ಭೂತಗನ್ನಡಿ ಇಸಿದುಕೊಂಡೆ. ಚಂದಮಾಮ 1947ರಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೂ ಬಂದ ಪತ್ರಿಕೆ. ಕೆಲವು ವರ್ಷಗಳ ಹಿಂದೆ ನಿಂತೇ ಹೋಯಿತು. ನಿಂತಾಗ ನನಗೆ ನಿಜವಾಗಿ ಬೇಜಾರಾಗಿತ್ತು. ಈಗ ಸುಳ್ಳೇಕೆ ಹೇಳಲಿ, ಒಳಗೊಳಗೇ ಖುಷಿಯಾಯಿತು. ಮಾಲು ಬರುವುದು ನಿಂತರೆ ರೇಟು ಏರುತ್ತೆ, ಅಲ್ವಾ?

ಎಂಬತ್ತನಾಲ್ಕರ ಅಪ್ಪ, ನಿವೃತ್ತ ಕನ್ನಡ ಮೇಷ್ಟ್ರು, ಪಕ್ಕದಲ್ಲೇ ಕೂತು ಗ್ರೇಡಿನ ಪಟ್ಟಿ ಓದಿಸಿಕೊಂಡರು. 10 ಬಂದರೆ ಆಗಷ್ಟೇ ಪ್ರೆಸ್ಸಿನಿಂದ ಇಳಿದ ಹಾಗೆ. 8 ಬಂದರೆ ವೆರಿ ಫೈನ್. 6 ಫೈನ್. 4 ವೆರಿ ಗುಡ್. 2 ಗುಡ್.

"ಏನಂದೆ? ಹತ್ತಕ್ಕೆ ಎರಡು ಬಂದ್ರೆ ಗುಡ್ಡಾ?"

"ಹೌದಪ್ಪ."

"ನನ್ನ ಕ್ಲಾಸಲ್ಲಿ ಎರಡು ತಗೊಂಡವನಿಗೆ ನಾಳೆ ಅಪ್ಪನ್ನ ಕರ್ಕೊಂಡು ಬಾ ಅಂತಿದ್ದೆ. ಇವರು ಗುಡ್ ಅಂತಾರಾ? ಅದಕ್ಕೇ ಅಲ್ಲಿ ಮಕ್ಕಳು ಹಾಗಿರೋದು."

ಮೊದಲು ಕೈಗೆ ಸಿಕ್ಕಿದ್ದು ಎರಡು ಕೊರವಂಜಿ. ರಾಶಿ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ ಶುರುಮಾಡಿ 1967ರವರೆಗೆ ನಡೆಸಿದ ಹಾಸ್ಯ ಪತ್ರಿಕೆ. ಆರ್.ಕೆ. ಲಕ್ಷ್ಮಣ್ ಹೆಸರು ಮಾಡುವುದಕ್ಕೆ ಮುಂಚೆ ಇದಕ್ಕೆ ಚಿತ್ರ ಬರೆದುಕೊಟ್ಟವರು. ನನ್ನ ಎದೆ ಡವಡವ ಅಂದಿತು. ಆದರೆ ಒಂದಕ್ಕೆ ಮುಖಪುಟ ಇರಲಿಲ್ಲ. ಇನ್ನೊಂದಕ್ಕೆ ಮುಖಪುಟ ಬಿಟ್ಟು ಬೇರೇನೂ ಇರಲಿಲ್ಲ.

"ಇದರ ಮುಖಪುಟ ಅದಕ್ಕೆ ಹಾಕಿ ಕಳಿಸಿದ್ರೆ?" ಎಂದು ಅಕ್ಕನ ಮಗನಿಗೆ ಮೆಸೇಜ್ ಹಾಕಿದೆ.

"ಕಂಡುಹಿಡೀತಾರೆ ಮಾಮ. ಅದಕ್ಕೆ ಇಲ್ಲಿ ಮದುವೆ ಮಾಡಿಸಿದ್ದು ಅಂತಾರೆ. ಲೇಬಲ್ ಮೇಲೇ ಬರೆದುಬಿಡ್ತಾರೆ. ಬೆಲೆ ಬೀಳುತ್ತೆ."

ಮದುವೆಯಾದ ಮೇಲೆ ಬೆಲೆ ಬೀಳುವ ವಿಷಯ ನನಗೆ ಹೊಸದಲ್ಲ. ಹೆಂಡತಿ ಪಕ್ಕದಲ್ಲೇ ಇದ್ದದ್ದರಿಂದ ಸುಮ್ಮನಿದ್ದೆ.

ಸುಧಾ ವಾರಪತ್ರಿಕೆಗಳ ಕಟ್ಟಿಗೆ ಬಂದರೆ, ಪ್ರತಿಯೊಂದರ ಹೊಟ್ಟೆಯೂ ಖಾಲಿ. ಧಾರಾವಾಹಿಯ ಪುಟಗಳನ್ನೆಲ್ಲ ಅಮ್ಮ ವಾರವಾರ ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಮೈದಾ ಅಂಟು ಹಚ್ಚಿ ರಟ್ಟು ಹಾಕಿ ಬೈಂಡ್ ಮಾಡಿದ್ದರು. ಆ ಬೈಂಡನ್ನು ಯಾರೋ ನೆಂಟರು ಓದೋಕೆ ತಗೊಂಡು ಹೋದವರು ಇವತ್ತಿಗೂ ಓದುತ್ತಲೇ ಇದ್ದಾರೆ. ಹೀಗೆ ನಮ್ಮಲ್ಲಿ ಉಳಿದಿರುವುದು ಕಥೆ ಬಿಟ್ಟು ಮಿಕ್ಕ ಭಾಗ. ಪುಟ ಕಡಿಮೆ ಇದ್ದರೆ ಲೇಬಲ್ಲಿನ ಬಣ್ಣವೇ ಬೇರೆಯಂತೆ, ಹಸಿರು. ಅಮ್ಮನಿಗೆ ಹೇಳಿದೆ. "ಹಸಿರು ಒಳ್ಳೇದೇ ತಾನೇ?" ಅಂದರು.

ಉಳಿದದ್ದು ಚಂದಮಾಮಗಳೇ. ಒಂದೊಂದರ ಮೇಲೂ ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಮೇಷ್ಟ್ರು ಮನೆ' ಅಂತ ಪೇಪರ್ ಹುಡುಗ ಬರೆದಿದ್ದ. ಒಳಗೆ ನಾನು ಬೇತಾಳನಿಗೆ ಕನ್ನಡಕ ಹಾಕಿದ್ದೆ. ವಿಕ್ರಮನ ಹೆಗಲ ಮೇಲೆ ಕೂತು ಪ್ರಶ್ನೆ ಕೇಳುವಾಗ ಅದು ಥೇಟ್ ನಮ್ಮ ಗಣಿತದ ಸಾರ್ ಹಾಗೇ ಕಾಣುತ್ತಿತ್ತು. ಒಂದು ಸಂಚಿಕೆಯ ಹಿಂಬದಿ ರಟ್ಟಿನ ಮೇಲೆ ಅಮ್ಮನ ಅಕ್ಷರದಲ್ಲಿ: ತೊಗರಿಬೇಳೆ 2 ಸೇರು, ಸೀಗೆಪುಡಿ, ಮೇಷ್ಟ್ರಿಗೆ ಬ್ಲೇಡು.

ಇಷ್ಟರ ನಡುವೆ ಒಂದೇ ಒಂದು ಚೆನ್ನಾಗಿತ್ತು. 1971ರ ನವೆಂಬರ್ ಸಂಚಿಕೆ. ಪುಟ ಪೂರ್ತಿ, ಬರಹ ಇಲ್ಲ, ಎಣ್ಣೆ ಇಲ್ಲ. ಮಧ್ಯದಲ್ಲೊಂದು ಮಡಿಕೆ, ಪಿನ್ನಿಗೆ ಚೂರು ತುಕ್ಕು, ಅಷ್ಟೆ. ಭೂತಗನ್ನಡಿಯಲ್ಲಿ ಎರಡು ಸಲ ನೋಡಿ 4 ಕೊಟ್ಟೆ. ವೆರಿ ಗುಡ್.

ಅಲ್ಲಿಗೆ ಕೈಕಟ್ಟಿ ಕೂತಿದ್ದರೆ ಆಗಿತ್ತು.

ತುಕ್ಕಿದ್ದರೆ ಮಾರ್ಕ್ಸ್ ಹೋಗುತ್ತೆ ಅಂತ ಗೊತ್ತಲ್ಲ, ಇಕ್ಕಳ ತಂದು ಪಿನ್ ಮೆಲ್ಲಗೆ ಎಳೆದೆ. ಪಿನ್ ಬಂತು. ಜೊತೆಗೆ ನಡುವಿನ ನಾಲ್ಕು ಪುಟವೂ ಬಂತು. ಹೊಸ ಪಿನ್ ಹೊಡೆಯೋಣ ಅಂದರೆ, ಹಾಗೆ ರಿಪೇರಿ ಮಾಡಿದ್ದನ್ನೂ ಲೇಬಲ್ ಮೇಲೆ ಬರೆದುಬಿಡುತ್ತಾರಂತೆ. ಪುಟಗಳನ್ನು ಹಾಗೇ ಒಳಗೆ ತೂರಿಸಿಟ್ಟೆ. ಗ್ರೇಡು 2. ಇರಲಿ, ಗುಡ್.

ಮರುದಿನ ಅಕ್ಕನ ಮಗ ಇನ್ನೊಂದು ವಿಷಯ ಹೇಳಿದ. ಮಡಿಕೆ ಇದ್ದರೆ ಪ್ರೆಸ್ಸಿಂಗ್ ಅಂತ ಮಾಡುತ್ತಾರೆ, ಹದವಾಗಿ ತೇವ ಕೊಟ್ಟು, ಬಿಸಿಯಲ್ಲಿ ಒತ್ತುತ್ತಾರೆ, ಮಡಿಕೆ ಹೋಗುತ್ತೆ ಅಂತ. ಅದನ್ನು ಕಲಿತವರೇ ಮಾಡಬೇಕು ಎಂದೂ ಹೇಳಿದನಂತೆ. ಆ ಹೊತ್ತಿಗೆ ನೆಟ್‌ವರ್ಕ್ ಸರಿ ಇರಲಿಲ್ಲ.

ತೇವ ಕೊಟ್ಟು ಬಿಸಿಯಲ್ಲಿ ಒತ್ತುವುದು ಅಂದರೆ ಇಸ್ತ್ರಿ ತಾನೇ? ನೀರು ಚಿಮುಕಿಸಿ, ಮೇಲೆ ಅಪ್ಪನ ಹಬ್ಬದ ಬಿಳಿ ಪಂಚೆ ಹಾಸಿ, ಕಾದ ಪೆಟ್ಟಿಗೆ ಎಳೆದೆ. ಮಡಿಕೆ ನಿಜವಾಗಲೂ ಹೋಯಿತು. ಪಂಚೆ ಎತ್ತಿ ನೋಡಿದರೆ ಮುಖಪುಟದ ರಾಜಕುಮಾರಿಯೂ ಅರ್ಧ ಹೋಗಿದ್ದಳು. ಹೋಗಿ ಪಂಚೆಯ ಮೇಲೆ ಕೂತಿದ್ದಳು. ಅವಳ ತಲೆ ಮೇಲೆ ತಿರುಗಾಮುರುಗಾ ಅಕ್ಷರದಲ್ಲಿ 'ಚಂದಮಾಮ' ಅಂತಲೂ ಇತ್ತು.

ಗ್ರೇಡು 0.5. ಅದಕ್ಕಿಂತ ಕೆಳಗೆ ಅವರ ಪಟ್ಟಿಯಲ್ಲಿ ಅಂಕವೇ ಇಲ್ಲ.

ಖರ್ಚಿನ ಲೆಕ್ಕ ಹಾಕಿದ್ದು ಇಷ್ಟಾದ ಮೇಲೆ. ಮೊದಲೇ ಹಾಕಬೇಕಿತ್ತು, ಒಪ್ಪುತ್ತೇನೆ. ಗ್ರೇಡಿಂಗ್ ಫೀಸು, ಹೋಗುವ ಪಾರ್ಸೆಲ್, ಬರುವ ಪಾರ್ಸೆಲ್, ದಾರಿಯಲ್ಲಿ ಕಳೆದರೆ ಅಂತ ಇನ್ಶೂರೆನ್ಸ್. ಇದನ್ನೆಲ್ಲ ಡಾಲರಿನಿಂದ ರೂಪಾಯಿಗೆ ತಂದು, ಅದೇ ಪತ್ರಿಕೆ ಸುಮ್ನೆ ಮಾರಿದರೆ ಬರುವುದಕ್ಕೆ ಹೋಲಿಸಿ ನೋಡಬೇಕು. ದುಡ್ಡು ಇರುವುದೆಲ್ಲ 9ರ ಮೇಲಿನವಕ್ಕೆ. 9.4ಕ್ಕೂ 9.8ಕ್ಕೂ ಇರುವ ಅಂತರ ಬರಿಗಣ್ಣಿಗೆ ಕಾಣುವುದಿಲ್ಲ, ಬೆಲೆಯಲ್ಲಿ ಕಾಣುತ್ತೆ. ನನ್ನ ಅರ್ಧ ಮಾರ್ಕ್ಸಿನ ರಾಜಕುಮಾರಿಯನ್ನು ವಿಮಾನ ಹತ್ತಿಸಿದರೆ ಟಿಕೆಟ್ ದುಡ್ಡೂ ಹುಟ್ಟುವುದಿಲ್ಲ.

"ಡಬ್ಬಿ ತೆಗೆದು ಓದಬಹುದು ತಾನೇ?" ಎಂದು ಅಮ್ಮ ಕೇಳಿದರು.

"ಇಲ್ಲಮ್ಮ. ತೆಗೆದ್ರೆ ಗ್ರೇಡ್ ಲೆಕ್ಕಕ್ಕೇ ಬರಲ್ಲ."

"ಹಾಗಿದ್ರೆ ಒಳಗೆ ಚಂದಮಾಮ ಇದ್ರೇನು, ಟೆಲಿಫೋನ್ ಡೈರೆಕ್ಟರಿ ಇದ್ರೇನು?" ಎಂದು, ಬಿಡಿಯಾಗಿದ್ದ ನಡುವಿನ ನಾಲ್ಕು ಪುಟ ಎತ್ತಿಕೊಂಡು ಓದುತ್ತಾ ಹಿತ್ತಲಿಗೆ ಹೋದರು. ಈಗ ಆ ಪುಟಗಳೂ ಇಲ್ಲ.

ಸೋತು ಟ್ರಂಕಿಗೆ ಎಲ್ಲ ವಾಪಸ್ ತುಂಬುವಾಗ ತಳದಲ್ಲಿ ಕೈಗೆ ಏನೋ ಗಟ್ಟಿಯಾಗಿ ತಗುಲಿತು. ದಪ್ಪ ಪ್ಲಾಸ್ಟಿಕ್ ಕವರು, ಸೆಣಬಿನ ದಾರ. ಬಿಚ್ಚಿದರೆ ಕಣ್ಣು ಕೋರೈಸಿತು. ಮೂಲೆ ಚೂಪು, ಪಿನ್ನು ಫಳಫಳ, ಬೆನ್ನು ನೇರ, ಒಂದೇ ಒಂದು ಬೆರಳ ಗುರುತಿಲ್ಲ. ಮೂಸಿದರೆ ಇನ್ನೂ ಶಾಯಿಯ ವಾಸನೆ. ಯಾರೂ, ಯಾವತ್ತೂ ತೆರೆದೇ ಇರಲಿಲ್ಲ.

1986ರ ತಾಲ್ಲೂಕು ಶಿಕ್ಷಕರ ಸಂಘದ ಸ್ಮರಣ ಸಂಚಿಕೆ. 14ನೇ ಪುಟದಲ್ಲಿ ಅಪ್ಪನ ಪದ್ಯ ಅಚ್ಚಾಗಿದೆ. ನೆಂಟರಿಷ್ಟರಿಗೆ ಹಂಚಲು ಅಪ್ಪ ಸ್ವಂತ ದುಡ್ಡಿನಲ್ಲಿ 50 ಪ್ರತಿ ಕೊಂಡಿದ್ದರಂತೆ. ಎಣಿಸಿದೆ. 48 ಇವೆ.

ಫೋಟೋ ಕಳಿಸಿದೆ. ಅಕ್ಕನ ಮಗ ಕೂಡಲೇ ಫೋನ್ ಮಾಡಿದ. "ಮಾಮ, ಇದು 9.8! ಆದರೆ ಯಾರು ಕೊಂಡ್ಕೋತಾರೆ?"

ಸ್ಪೀಕರ್ ಆನ್ ಆಗಿತ್ತು. ಅಪ್ಪ ಆಗಲೇ ಬಂದು ಪಕ್ಕದಲ್ಲಿ ನಿಂತಿದ್ದರು, ರಾಜಕುಮಾರಿಯ ಪಂಚೆ ಉಟ್ಟುಕೊಂಡು.

"ಏನಂತೆ? ಒಂಬತ್ತು ಪಾಯಿಂಟ್ ಎಂಟು ಕೊಟ್ರಂತಾ?"

"ಹೌದಪ್ಪ. ಗ್ಯಾರಂಟಿ ಅಂತೆ."

ಅಪ್ಪ ಒಂದು ಪ್ರತಿ ತೆಗೆದುಕೊಂಡರು. ಭೂತಗನ್ನಡಿ ಇಸಿದುಕೊಂಡು 14ನೇ ಪುಟವನ್ನು ನಿಧಾನವಾಗಿ, ಬೆರಳಿನಲ್ಲಿ ಮಾತ್ರೆ ಎಣಿಸುತ್ತಾ, ಮೇಲಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು.

"ಭಾಮಿನಿ ಷಟ್ಪದಿ. ಒಂದು ಮಾತ್ರೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಆ ಪಾಯಿಂಟ್ ಎರಡು ಯಾಕೆ ಕಟ್ ಮಾಡಿದ್ರು ಕೇಳು."